ಕೂದಲೆಳೆಯ ಅಲುಗಾಟ, ಕೋಟಿಗಟ್ಟಲೆ ಪೆಟ್ಟು

ಸೇಡಂ ರಸ್ತೆಯ ಶ್ರೀನಿವಾಸ ಸರಡಗಿ ಬಳಿಯ ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2019ರ ನವೆಂಬರ್ 22ರಂದು. ಪೈಲಟ್ ತರಬೇತಿ ಶಾಲೆಗಳಿಗಾಗಿ ವಿಮಾನ ನಿಲ್ದಾಣಗಳ ಪ್ರಾಧಿಕಾರ 2021ರಲ್ಲಿ ಐದು ನಿಲ್ದಾಣಗಳನ್ನು ಆರಿಸಿದಾಗ ಬೆಳಗಾವಿಯ ಜೊತೆ ಇದಕ್ಕೂ ಜಾಗ ಸಿಕ್ಕಿತು. ತೊಗರಿ ಹೊಲ, ಹಾಸುಗಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಗಳ ಈ ಸೀಮೆಯಲ್ಲಿ ಈಗ ಪುಟ್ಟ ವಿಮಾನದ ಸದ್ದು ಕೇಳಿದರೆ ಮಕ್ಕಳು ಕೂಡ ಮನೆಯಿಂದ ಓಡಿ ಹೊರಗೆ ಬರುವುದಿಲ್ಲ.

ಆ ಸದ್ದನ್ನೇ ಸ್ವಲ್ಪ ಲೆಕ್ಕ ಹಾಕಬಹುದು. ಜಗತ್ತಿನ ತರಬೇತಿ ಶಾಲೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಸೆಸ್ನಾ 172 ವಿಮಾನಕ್ಕೆ ಇರುವುದು ಒಂದೇ ಎಂಜಿನ್, ನಾಲ್ಕು ಸಿಲಿಂಡರ್. ಸಾಮಾನ್ಯ ಹಾರಾಟದಲ್ಲಿ ಅದು ನಿಮಿಷಕ್ಕೆ 2,400 ಸುತ್ತು, ಅಂದರೆ ಸೆಕೆಂಡಿಗೆ 40 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ಸುತ್ತಿಗೆ ಎರಡು ಸಿಲಿಂಡರ್‌ಗಳಲ್ಲಿ ಇಂಧನ ಉರಿಯುವುದರಿಂದ ಸೆಕೆಂಡಿಗೆ 80 ಪೆಟ್ಟು, ಗಂಟೆಗೆ 2 ಲಕ್ಷ 88 ಸಾವಿರ. ನಮ್ಮಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆ ಹಾರಾಟ ಬೇಕು. ಒಬ್ಬ ಅಭ್ಯರ್ಥಿ ಪರವಾನಗಿ ಪಡೆಯುವ ಹೊತ್ತಿಗೆ ವಿಮಾನದ ಒಂದೊಂದು ಸ್ಕ್ರೂ, ಒಂದೊಂದು ವೈರು 5 ಕೋಟಿ 76 ಲಕ್ಷ ಸಲ ನಡುಗಿರುತ್ತದೆ.

ನಡುಗಿದರೇನಂತೆ, ಕಣ್ಣಿಗೆ ಕಾಣುವಷ್ಟೂ ಅಲುಗುವುದಿಲ್ಲವಲ್ಲ ಎನ್ನಬಹುದು. ಮೋಸ ಇರುವುದೇ ಅಲ್ಲಿ. ಒಂದು ಭಾಗ ಎರಡೂ ಕಡೆಗೆ ಬರೀ 0.1 ಮಿಲಿಮೀಟರ್, ಅಂದರೆ ಒಂದು ದಪ್ಪ ಕೂದಲಿನಷ್ಟು ಸರಿದರೂ, ಸೆಕೆಂಡಿಗೆ 80 ಸಲ ಹಾಗೆ ಸರಿಯುವಾಗ ಅದರ ಮೇಲಿನ ವೇಗೋತ್ಕರ್ಷ ಗುರುತ್ವದ ಎರಡೂವರೆ ಪಟ್ಟಾಗುತ್ತದೆ. ಒಂದು ಕಿಲೋ ತೂಕದ ರೇಡಿಯೊ ಪೆಟ್ಟಿಗೆಯನ್ನು ಹಿಡಿದ ತಗಡಿನ ಪಟ್ಟಿಗೆ ಎರಡೂವರೆ ಕಿಲೋ ಭಾರ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಜಗ್ಗಿದಂತೆ. ಕಂಪನದ ವೇಗ ಇಮ್ಮಡಿಯಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ. ಆ ಪಟ್ಟಿಯ ಸಹಜ ಕಂಪನವೂ 80ರ ಆಸುಪಾಸಿನಲ್ಲೇ ಇದ್ದುಬಿಟ್ಟರೆ ಅನುರಣನ ಶುರು. ಅಲುಗಾಟ ಹತ್ತು ಪಟ್ಟು ಹಿಗ್ಗುವುದೂ ಉಂಟು.

ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಫ್ಯಾನು, ಗಿರಣಿಗಳ ಬೇರಿಂಗಿಗೆ ವೈಬ್ರೇಶನ್ ಅಳೆಯುವ ಸಾಧನ ಹಚ್ಚಿ, ಅಂಕಿ ಏರಿದರೆ ಯಂತ್ರ ನಿಲ್ಲಿಸಿ ನೋಡುವುದು ಅವರ ನಿತ್ಯದ ಕೆಲಸ. ಆಕಾಶದಲ್ಲಿ ನಿಲ್ಲಿಸಿ ನೋಡಲು ಬರುವುದಿಲ್ಲ, ಅಷ್ಟೇ.

ಈ ಕಾಟ ವಿಮಾನದಷ್ಟೇ ಹಳೆಯದು, ಒಂದು ತಿಂಗಳು ಹೆಚ್ಚೇ ಹಳೆಯದು. 1903ರ ನವೆಂಬರ್‌ನಲ್ಲಿ ರೈಟ್ ಸಹೋದರರು ಕಿಟಿ ಹಾಕ್‌ನಲ್ಲಿ ಎಂಜಿನ್ ಚಾಲೂ ಮಾಡಿ ನೋಡಿದಾಗ ಅದರ ಒದೆತಕ್ಕೆ ಪ್ರೊಪೆಲ್ಲರ್‌ನ ಉಕ್ಕಿನ ಕೊಳವೆ ದಂಡಗಳು ಕೆಟ್ಟವು. ರಿಪೇರಿಗೆ ತಮ್ಮೂರು ಡೇಟನ್‌ಗೆ ಕಳಿಸಿದರು. ತಿರುಗಿ ಬಂದ ಮೇಲೆ ಹಲ್ಲಿನ ಚಕ್ರಗಳ ನಟ್ಟು ಪದೇ ಪದೇ ಸಡಿಲವಾಗತೊಡಗಿತು. ಸೈಕಲ್ ಅಂಗಡಿಯವರಲ್ಲವೇ, ಟೈರ್ ಅಂಟಿಸುವ ಗಟ್ಟಿ ಸಿಮೆಂಟನ್ನೇ ಮೆತ್ತಿ ಕೂರಿಸಿದರು. ಅಷ್ಟಾದರೂ ತಿಂಗಳ ಕೊನೆಗೆ ದಂಡದಲ್ಲಿ ಬಿರುಕು ಕಂಡಿತು. ಸಹೋದರರಲ್ಲಿ ಒಬ್ಬರಾದ ಆರ್ವಿಲ್ ಊರಿಗೆ ಹೋಗಿ, ಕೊಳವೆ ಬಿಟ್ಟು, ಸ್ಪ್ರಿಂಗ್ ಉಕ್ಕಿನ ಗಟ್ಟಿ ದಂಡ ಮಾಡಿಸಿಕೊಂಡು ಬಂದರು. ಡಿಸೆಂಬರ್ 17ರ ಮೊದಲ ಹಾರಾಟವನ್ನು ನೆನೆಯುವವರು ಈ ದಂಡವನ್ನು ನೆನೆಯುವುದು ಕಡಿಮೆ.

ಐದು ವರ್ಷದ ನಂತರ, 1908ರ ಸೆಪ್ಟೆಂಬರ್ 17ರಂದು ಫೋರ್ಟ್ ಮಯರ್‌ನಲ್ಲಿ ಆರ್ವಿಲ್ ಓಡಿಸುತ್ತಿದ್ದ ವಿಮಾನದ ಪ್ರೊಪೆಲ್ಲರ್ ಸೀಳಿತು. ನಡುಕ ಎದ್ದು ಅದು ಚುಕ್ಕಾಣಿಯನ್ನು ಬಿಗಿದ ತಂತಿಗೆ ತಗುಲಿತು. ಜೊತೆಗಿದ್ದ ಲೆಫ್ಟಿನೆಂಟ್ ಥಾಮಸ್ ಸೆಲ್‌ಫ್ರಿಜ್ ತೀರಿಕೊಂಡರು. ಎಂಜಿನ್ ವಿಮಾನದ ಅಪಘಾತದಲ್ಲಿ ಸತ್ತ ಮೊದಲಿಗರು ಅವರು.

ಪ್ರಬಲವಾದ ಒಂದು ಪೆಟ್ಟಿಗೆ ಜಗ್ಗದ ಲೋಹ ಸಣ್ಣ ಪೆಟ್ಟುಗಳ ಸರಣಿಗೆ ಸೋಲುತ್ತದೆ. ಇದಕ್ಕೆ ಲೋಹದ ದಣಿವು ಎಂದು ಹೆಸರು. ಉಕ್ಕಿಗೆ ಒಂದು ಮಿತಿಯಿದೆ. ಹೊರೆ ಅದಕ್ಕಿಂತ ಕಡಿಮೆಯಿದ್ದರೆ ಎಷ್ಟು ಕೋಟಿ ಸಲ ಬಿದ್ದರೂ ಸಾಧಾರಣವಾಗಿ ತಡೆದುಕೊಳ್ಳುತ್ತದೆ. ವಿಮಾನದ ಮುಖ್ಯ ಲೋಹವಾದ ಅಲ್ಯೂಮಿನಿಯಮ್‌ಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಅದರ ಆಯಸ್ಸು ದಿನದಿನವೂ ಸವೆಯುತ್ತಲೇ ಇರುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವನ್ನು 1965ರಿಂದ ಸುಮಾರು ಎರಡು ದಶಕ ನಡೆಸಿದ ಎಸ್.ಆರ್. ವಳ್ಳೂರಿ ಇದೇ ವಿಷಯದ ವಿದ್ವಾಂಸರಾಗಿದ್ದರು. ಅದೇ ಸಂಸ್ಥೆ ರೂಪಿಸಿದ ಎರಡು ಆಸನದ ಹಂಸ-ಎನ್‌ಜಿ ತರಬೇತಿ ವಿಮಾನ 2021ರ ಸೆಪ್ಟೆಂಬರ್ 3ರಂದು ಮೊದಲ ಸಲ ಹಾರಿತು. ಅದರ ಒಡಲು ಲೋಹದ್ದಲ್ಲ, ನಾರು ಮತ್ತು ರಾಳ ಬೆಸೆದ ಕಾಂಪೋಸಿಟ್. ರೋಟ್ಯಾಕ್ಸ್ ಎಂಜಿನ್ ನಿಮಿಷಕ್ಕೆ 5,800 ಸುತ್ತಿನವರೆಗೆ ಹೋಗುತ್ತದೆ; ಪ್ರೊಪೆಲ್ಲರ್‌ಗೆ ಬರುವಾಗ ಗೇರ್‌ಗಳು ಅದನ್ನು 2,400ರ ಹತ್ತಿರಕ್ಕೆ ಇಳಿಸುತ್ತವೆ. ಹೀಗೆ ನಡುಕದ ಮೂಲ ಒಂದಲ್ಲ, ಎರಡು. ಬಿಡಿಭಾಗ ಕೂರಿಸುವವರು ಎರಡರ ತಾಳಕ್ಕೂ ಸಿಗದಂತೆ ನೋಡಿಕೊಳ್ಳಬೇಕು.

ನಡುಕದ ಮೇಲೆ ತಿರುವಿನ ಭಾರ ಬೇರೆ. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿ ತಿರುಗಿದರೆ ವಿಮಾನದಲ್ಲಿರುವ ಎಲ್ಲದರ ತೂಕ ದುಪ್ಪಟ್ಟು: ಪೈಲಟ್, ಬ್ಯಾಟರಿ, ಎಂಜಿನ್, ಯಾವುದಕ್ಕೂ ರಿಯಾಯಿತಿ ಇಲ್ಲ. ಸೆಸ್ನಾ 172ಕ್ಕೆ ಸಾಮಾನ್ಯ ಹಾರಾಟದಲ್ಲಿ ಇರುವ ಮಿತಿ ಗುರುತ್ವದ 3.8 ಪಟ್ಟು. ರಚನೆ ಅದರ ಒಂದೂವರೆ ಪಟ್ಟನ್ನು ತಾಳಿ ತೋರಿಸಿರಬೇಕು. ವಿದ್ಯುನ್ಮಾನ ಉಪಕರಣಗಳನ್ನಂತೂ ನಡುಗಿಸುವ ಮೇಜಿಗೆ ಬಿಗಿದು ಗಂಟೆಗಟ್ಟಲೆ ಅಲುಗಿಸುತ್ತಾರೆ, ಆಮೇಲೆ 6 ಪಟ್ಟು ಗುರುತ್ವದ ಹೊಡೆತ ಕೊಟ್ಟು ಕೆಲಸ ಮಾಡುತ್ತಿವೆಯೇ ನೋಡುತ್ತಾರೆ. ಅಪಘಾತದ ಪರೀಕ್ಷೆಯಲ್ಲಿ ಹೊಡೆತ 20 ಪಟ್ಟು. ಆಗ ಉಪಕರಣ ಕೆಟ್ಟರೂ ಚಿಂತೆಯಿಲ್ಲ, ಬುಡದಿಂದ ಕಿತ್ತು ಪೈಲಟ್ ತಲೆಗೆ ಬಡಿಯಬಾರದು.

ತರಬೇತಿ ವಿಮಾನದ ಪಾಡು ಉಳಿದವುಗಳಿಗಿಂತ ಕಷ್ಟ. ಕಲಿಯುವವರು ದಿನವಿಡೀ ಏರಿಸಿ ಇಳಿಸುತ್ತಾರೆ, ಇಳಿಸುವಾಗ ಕುಕ್ಕುತ್ತಾರೆ. ಕಲಬುರಗಿಯ ಬೇಸಿಗೆ ಮಧ್ಯಾಹ್ನದ ಬಿಸಿಗಾಳಿ ಮೇಲೆದ್ದು ರೆಕ್ಕೆಯನ್ನು ಎತ್ತಿ ಹಾಕುತ್ತದೆ. 2018ರ ಏಪ್ರಿಲ್ 4ರಂದು ಅಮೆರಿಕದ ಡೇಟೋನಾ ಬೀಚ್‌ನಲ್ಲಿ ಪೈಪರ್ ತರಬೇತಿ ವಿಮಾನವೊಂದರ ರೆಕ್ಕೆ ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಕಳಚಿ ಅದರಲ್ಲಿದ್ದ ಇಬ್ಬರೂ ಸತ್ತರು. ರೆಕ್ಕೆಯ ತೊಲೆಯಲ್ಲಿ ಬೋಲ್ಟ್ ತೂತಿನ ಬಳಿ ದಣಿವಿನ ಬಿರುಕು ಬೆಳೆದಿತ್ತು. ಹೊರಗಿನಿಂದ ನೋಡಿದವರಿಗೆ ಅದು ಕಾಣುವಂತಿರಲಿಲ್ಲ. ಆಮೇಲೆ ಅಂಥ ವಿಮಾನಗಳ ಬೋಲ್ಟ್ ತೂತುಗಳನ್ನು ವಿದ್ಯುತ್ ಸುಳಿಯ ಉಪಕರಣದಿಂದ ಪರೀಕ್ಷಿಸುವ ಆದೇಶ ಬಂತು.

ನಿತ್ಯದ ನಡುಕಕ್ಕೆ ಮದ್ದು ಅಗ್ಗದ್ದೇ. ಎಂಜಿನ್ನಿನ ಕೆಳಗೆ ರಬ್ಬರ್ ದಿಂಬು. ನಟ್ಟು ಬಿಚ್ಚಿಕೊಳ್ಳದಂತೆ ಲಾಕ್ ವೈರ್, ಸ್ಪ್ಲಿಟ್ ಪಿನ್. ಬಿಗಿಸಿದ ಮೇಲೆ ನಟ್ಟಿನಿಂದ ಪಕ್ಕದ ಲೋಹಕ್ಕೆ ಒಂದು ಬಣ್ಣದ ಗೆರೆ. ಗೆರೆ ತುಂಡಾಗಿದ್ದರೆ ನಟ್ಟು ಅಲುಗಿದೆ ಎಂದರ್ಥ. ಮೆಕ್ಯಾನಿಕ್ ಟಾರ್ಚ್ ಹಿಡಿದು ಸೈಲೆನ್ಸರ್‌ನ ಬೆಸುಗೆ, ಆಯಿಲ್ ಪೈಪು, ಆಲ್ಟರ್ನೇಟರ್‌ನ ಪಟ್ಟಿ ನೋಡುತ್ತಾ ಹೋಗುತ್ತಾನೆ. ಸೈಲೆನ್ಸರ್ ಬಿರುಕು ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಹೀಟರ್ ಮೂಲಕ ಒಳಗೆ ಬರುತ್ತದೆ, ಪೈಲಟ್‌ಗೆ ಮೂಗಿನಿಂದ ಗೊತ್ತಾಗುವುದಿಲ್ಲ. ಪೈಲಟ್‌ಗಳ ಬಗ್ಗೆ ಬರೆದಷ್ಟು ಈ ಮೆಕ್ಯಾನಿಕ್‌ಗಳ ಬಗ್ಗೆ ಪತ್ರಿಕೆಗಳು ಬರೆಯುವುದಿಲ್ಲ ಎಂಬುದು ಅನ್ಯಾಯವೇ.

ಹೊಡೆತವನ್ನೇ ಕಾಯುವ ಒಂದು ಪೆಟ್ಟಿಗೆಯೂ ವಿಮಾನದ ಬಾಲದ ಕಡೆ ಇರುತ್ತದೆ. ಅಪಘಾತದ ಹೊಡೆತ ಬಿದ್ದ ಕೂಡಲೇ ಅದು 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗು ಹಾಕುತ್ತದೆ. ಭಾರತದಲ್ಲಿ ಆ ಕೂಗು ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ತಲುಪುತ್ತದೆ. ಎಂಜಿನ್ನಿನ ನಿತ್ಯದ ನಡುಕಕ್ಕೆ ಅದು ಎಚ್ಚರವಾಗಬಾರದು, ನಿಜವಾದ ಹೊಡೆತ ಬಿದ್ದಾಗ ನಿದ್ದೆ ಮಾಡಬಾರದು.

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದ ಹತ್ತಿರ ತರಬೇತಿ ವಿಮಾನವೊಂದು ಹೊಲದಲ್ಲಿ ತುರ್ತಾಗಿ ಇಳಿಯಿತು. ಚಿತ್ತಾಪುರ ತಾಲ್ಲೂಕಿನ ಪೇಠಶಿರೂರ ಬಳಿಯೂ ಹಿಂದೆ ಹಾಗಾದದ್ದುಂಟು. ಇಂಥ ಕಡೆ ಜನ ನೆರೆಯುವುದು, ಮೊಬೈಲ್ ಹಿಡಿಯುವುದು ಸಹಜ. ಗಾಯಗೊಂಡವರನ್ನು ಮೊದಲು ಹೊರಗೆ ತೆಗೆಯಿರಿ. ಆಮೇಲೆ ಮುರಿದ ಬೋಲ್ಟಾಗಲಿ, ತಗಡಾಗಲಿ ಮುಟ್ಟಬೇಡಿ, ಎತ್ತಿಕೊಳ್ಳಬೇಡಿ, ಎರಡು ತುಂಡನ್ನು ಜೋಡಿಸಿ ನೋಡಬೇಡಿ. ದಣಿದು ಮುರಿದ ಲೋಹದ ಮುಖದ ಮೇಲೆ ಅಲೆಯಂಥ ಸಣ್ಣ ಗೆರೆಗಳಿರುತ್ತವೆ. ಬಿರುಕು ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು ಎಂಬುದನ್ನು ತನಿಖೆಯವರು ಸೂಕ್ಷ್ಮದರ್ಶಕದಲ್ಲಿ ಓದುವುದು ಅವುಗಳಿಂದಲೇ. ಒಮ್ಮೆ ಬೆರಳಿನಿಂದ ಉಜ್ಜಿದರೂ ಆ ಗುರುತು ಕೆಡಬಹುದು.