ಮಾತು ಯಾರದು, ಕಲ್ಲು ಯಾರದು?

ಚಿಕ್ಕೋಡಿ, ಅಥಣಿ, ರಾಯಬಾಗದ ಕಡೆ ಧಾರ್ಮಿಕ ಅವಮಾನ, ಗಲಭೆಗಳ ವಿಷಯದ ಮೇಲೆ ಮಾತಾಡಲು ಹೋದಾಗಲೆಲ್ಲ ಮೊದಲು ಏಳುವ ಪ್ರಶ್ನೆ ಒಂದೇ: “ಅಂವ ಹಂಗ ಬರೀಲಿಲ್ಲಂದ್ರ ಈ ಗಲಾಟಿ ಆಗ್ತಿತ್ತೇನ್ರೀ ಸರ?” ಕೇಳುವವರು ಗಲಾಟೆಯ ಪರ ಇರುವವರಲ್ಲ. ಬಂದ್ ದಿನ ಅಂಗಡಿ ಮುಚ್ಚಿ ನಷ್ಟ ತಿಂದವರು, ಬಸ್ಸು ನಿಂತು ಪರೀಕ್ಷೆ ತಪ್ಪಿಸಿಕೊಂಡವರು, ಎರಡೂ ಸಮಾಜಗಳಲ್ಲಿ ಗೆಳೆಯರಿರುವವರು. ಅವರ ಪ್ರಶ್ನೆಗೆ ತೂಕವಿದೆ. ಈ ಅಧ್ಯಾಯದ ಬಹುಪಾಲು ಅದಕ್ಕೇ ಮೀಸಲು.

ಕಾನೂನಿನ ತಳಪಾಯವನ್ನು ಬೇಗ ನೋಡಿಬಿಡೋಣ. ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯ ಕೊಡುತ್ತದೆ. 19(2) ವಿಧಿ ಅದರ ಮೇಲೆ ‘ಸಮಂಜಸ’ ನಿರ್ಬಂಧ ಹೇರಲು ಸರ್ಕಾರಕ್ಕೆ ಬಿಡುತ್ತದೆ. ಯಾವ ಕಾರಣಕ್ಕೆ ನಿರ್ಬಂಧ ಹೇರಬಹುದು ಎಂಬ ಪಟ್ಟಿಯೂ ಅಲ್ಲೇ ಇದೆ: ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನನಷ್ಟ, ನ್ಯಾಯಾಲಯ ನಿಂದನೆ, ಅಪರಾಧಕ್ಕೆ ಪ್ರಚೋದನೆ, ಹೀಗೆ. ಸಾರ್ವಜನಿಕ ಸುವ್ಯವಸ್ಥೆ ಎಂಬುದು 1951ರ ಮೊದಲ ತಿದ್ದುಪಡಿಯಲ್ಲಿ ಸೇರಿದ್ದು. ಈ ಪಟ್ಟಿಯಲ್ಲಿ ‘ಧಾರ್ಮಿಕ ಭಾವನೆಗೆ ಧಕ್ಕೆ’ ಎಂಬ ಕಾರಣ ಮಾತ್ರ ಇಲ್ಲ. ಹೇಳಿದರೆ ಯಾರೂ ಥಟ್ಟನೆ ನಂಬುವುದಿಲ್ಲ; ಪುಸ್ತಕ ತೆರೆದು ತೋರಿಸಬೇಕಾಗುತ್ತದೆ.

ಹಾಗಾದರೆ ಧರ್ಮನಿಂದನೆಯ ಕೇಸುಗಳು ಯಾವುದರ ಮೇಲೆ ನಿಲ್ಲುತ್ತವೆ? ಹೆಚ್ಚಾಗಿ ಹಳೆಯ ದಂಡಸಂಹಿತೆಯ 295ಎ ಕಲಮಿನ ಮೇಲೆ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ. ಅದರ ಹುಟ್ಟಿನ ಕತೆ ತಿಳಿಯದೆ ಅದು ಅರ್ಥವಾಗುವುದಿಲ್ಲ. 1924ರಲ್ಲಿ ಲಾಹೋರಿನಲ್ಲಿ ಪ್ರವಾದಿ ಮಹಮ್ಮದರ ಖಾಸಗಿ ಬದುಕನ್ನು ಹೀಯಾಳಿಸುವ ‘ರಂಗೀಲಾ ರಸೂಲ್’ ಎಂಬ ಕಿರುಪುಸ್ತಕ ಅಚ್ಚಾಯಿತು. ಪ್ರಕಾಶಕ ರಾಜಪಾಲರ ಮೇಲೆ ಕೋಮುಗಳ ನಡುವೆ ದ್ವೇಷ ಬಿತ್ತಿದ ಆರೋಪ ಹೊರಿಸಲಾಯಿತು. ತೀರಿಹೋದ ಧರ್ಮಗುರುವಿನ ಟೀಕೆ, ಅದೆಷ್ಟೇ ಕೀಳಾಗಿದ್ದರೂ, ದ್ವೇಷ ಬಿತ್ತುವುದರ ವಿರುದ್ಧದ ಆ ಕಲಮಿನಡಿ ಬರುವುದಿಲ್ಲ ಎಂದು 1927ರಲ್ಲಿ ಲಾಹೋರ್ ಹೈಕೋರ್ಟು ಅವರನ್ನು ಬಿಟ್ಟಿತು. ದೊಡ್ಡ ಚಳವಳಿಯೇ ಎದ್ದಿತು. ಅದೇ ವರ್ಷ ಸರ್ಕಾರ 295ಎ ಸೇರಿಸಿತು. ಆದರೂ 1929ರ ಏಪ್ರಿಲ್‌ನಲ್ಲಿ ಯುವಕನೊಬ್ಬ ರಾಜಪಾಲರನ್ನು ಇರಿದು ಕೊಂದ. ಕಾನೂನು ಬಂದಿತ್ತು, ಜೀವ ಉಳಿಯಲಿಲ್ಲ.

ಈ ಕಲಮಿನಡಿ ಶಿಕ್ಷೆಯಾಗಬೇಕಾದರೆ ಯಾರಿಗೋ ನೋವಾದರೆ ಸಾಲದು. ಅವಮಾನ ಉದ್ದೇಶಪೂರ್ವಕವಾಗಿರಬೇಕು, ದುರುದ್ದೇಶದ್ದೂ ಆಗಿರಬೇಕು. ಓದುಗರು ಎಡವುವುದೇ ಇಲ್ಲಿ. ಕ್ರಿಕೆಟಿಗ ಧೋನಿಯನ್ನು ವಿಷ್ಣುವಿನಂತೆ ಚಿತ್ರಿಸಿದ ಪತ್ರಿಕೆಯ ಮುಖಪುಟದ ಮೇಲಿನ ಕೇಸನ್ನು 2017ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿದ್ದು ಇದೇ ಕಾರಣಕ್ಕೆ. ಅಜಾಗರೂಕತೆ ಬೇರೆ, ಹಗೆ ಬೇರೆ.

ಈಗ ನಿಜವಾದ ಗಂಟಿಗೆ ಬರೋಣ. 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 295ಎ ಸಂವಿಧಾನಬದ್ಧ ಎಂದಿತು. ಆಧಾರ? ಹಗೆಯಿಂದ ಮಾಡಿದ ಧಾರ್ಮಿಕ ಅವಮಾನವು ಸಾರ್ವಜನಿಕ ಸುವ್ಯವಸ್ಥೆಯನ್ನು ಕದಡುವಂಥದ್ದು. ಪಟ್ಟಿಯಲ್ಲಿ ಇಲ್ಲದ ‘ಧಾರ್ಮಿಕ ನೋವು’ ಪಟ್ಟಿಯಲ್ಲಿರುವ ‘ಸುವ್ಯವಸ್ಥೆ’ಯ ಬಾಗಿಲಿನಿಂದ ಒಳಗೆ ಬಂತು. ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಇದರಿಂದ ಜನ ಕಲಿಯುವ ಪಾಠವೇನು, ಯೋಚಿಸಿ. ನೋವಾದಾಗ ತಾಳ್ಮೆಯಿಂದ ನುಂಗಿಕೊಂಡ ಸಮಾಜದ ನೋವಿಗೆ ಕಾನೂನಿನ ಕಣ್ಣಲ್ಲಿ ತೂಕ ಕಡಿಮೆ, ಏಕೆಂದರೆ ಅಲ್ಲಿ ಸುವ್ಯವಸ್ಥೆ ಕದಡಲಿಲ್ಲ. ಬಸ್ಸಿನ ಗಾಜು ಒಡೆದವರ ನೋವಿಗೆ ತೂಕ ಹೆಚ್ಚು. ಎಷ್ಟು ಕಲ್ಲು ಬಿದ್ದರೆ ಅಷ್ಟು ಬೇಗ ಪುಸ್ತಕ ನಿಷೇಧ, ಅಷ್ಟು ಬೇಗ ನಾಟಕ ರದ್ದು. ಗುಂಪಿನ ಕೋಪವೇ ಸಾಕ್ಷ್ಯ, ಗುಂಪಿನ ಕೋಪವೇ ತೀರ್ಪು. ಶಾಂತವಾಗಿದ್ದವರಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಈ ಅಪಾಯವನ್ನು ನ್ಯಾಯಾಲಯವೂ ಕಂಡಿತು. 1989ರಲ್ಲಿ ಎಸ್. ರಂಗರಾಜನ್ ಪ್ರಕರಣ ಬಂತು. ಮೀಸಲಾತಿಯನ್ನು ಟೀಕಿಸಿದ ತಮಿಳು ಚಿತ್ರ ‘ಒರೇ ಒರು ಗ್ರಾಮತ್ತಿಲೆ’ ಬಿಡುಗಡೆಯಾದರೆ ಗಲಭೆಯಾಗುತ್ತದೆ ಎಂಬ ವಾದ. ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ, ಕನ್ನಡಿಗರು ಹೆಮ್ಮೆಯಿಂದ ಓದಬೇಕಾದ ಬರಹ ಅದು. ಪ್ರತಿಭಟನೆಯ ಬೆದರಿಕೆಗೆ ಹೆದರಿ ಮಾತನ್ನು ಹತ್ತಿಕ್ಕುವುದು ಸಲ್ಲದು, ಕೆರಳಿದ ಗುಂಪನ್ನು ನಿಭಾಯಿಸಲು ನಮ್ಮಿಂದಾಗದು ಎಂದು ಸರ್ಕಾರ ಕೈಚೆಲ್ಲುವಂತಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಮಾತಿಗೂ ಅನಾಹುತಕ್ಕೂ ಇರುವ ನಂಟು ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಷ್ಟು ನೇರವಾಗಿರಬೇಕು ಎಂಬ ಅಳತೆಯನ್ನೂ ಕೊಟ್ಟರು.

ಆ ಹೋಲಿಕೆಯ ಬಗ್ಗೆ ನನಗೊಂದು ತಕರಾರಿದೆ, ಗೌರವದಿಂದಲೇ ಹೇಳುತ್ತೇನೆ. ಮದ್ದಿಗೆ ಮನಸ್ಸಿಲ್ಲ. ಕಿಡಿ ಬಿದ್ದರೆ ಸಿಡಿಯಬೇಕೋ ಬೇಡವೋ ಎಂದು ಅದು ಯೋಚಿಸುವುದಿಲ್ಲ. ಮನುಷ್ಯ ಯೋಚಿಸುತ್ತಾನೆ. ಆರಂಭದ ಪ್ರಶ್ನೆಗೆ ಉತ್ತರ ಇರುವುದು ಈ ವ್ಯತ್ಯಾಸದಲ್ಲೇ. ‘ಅವನು ಬರೆಯದಿದ್ದರೆ ಗಲಭೆ ಆಗುತ್ತಿರಲಿಲ್ಲ’ ಎಂಬುದು ನಿಜವಿರಬಹುದು. ಆದರೆ ಕಾರಣ ಬೇರೆ, ಹೊಣೆ ಬೇರೆ. ಫೋನು ಇರದಿದ್ದರೂ ಗಲಭೆ ಆಗುತ್ತಿರಲಿಲ್ಲ, ಆ ದಿನ ಜೋರು ಮಳೆ ಬಂದಿದ್ದರೂ ಆಗುತ್ತಿರಲಿಲ್ಲ. ಕಾರಣಗಳ ಸರಪಳಿ ಉದ್ದವಾಗಿರುತ್ತದೆ. ಹೊಣೆ ಮಾತ್ರ, ಬೇರೆ ದಾರಿ ಇದ್ದೂ ಏಟು ಹಾಕುವುದನ್ನೇ ಆರಿಸಿಕೊಂಡವನ ಮೇಲೆ ಬೀಳುತ್ತದೆ. ಕಲ್ಲೆತ್ತುವ ಮೊದಲು ಅವನು ಠಾಣೆಗೆ ಹೋಗಿ ದೂರು ಕೊಡಬಹುದಿತ್ತು, ಉತ್ತರವಾಗಿ ಲೇಖನ ಬರೆಯಬಹುದಿತ್ತು, ಮೆರವಣಿಗೆ ಮಾಡಬಹುದಿತ್ತು, ಸುಮ್ಮನೆ ಮನೆಗೆ ಹೋಗಬಹುದಿತ್ತು.

“ಸಿಟ್ಟು ಬಂದಾಗ ಮನುಷ್ಯ ತನ್ನ ಕೈಯಲ್ಲಿ ಇರೂದಿಲ್ಲಲ್ರೀ” ಎನ್ನುತ್ತಾರೆ. ಕಾನೂನು ಇದನ್ನೂ ಕೇಳಿಸಿಕೊಂಡಿದೆ. ಹಠಾತ್ ಮತ್ತು ತೀವ್ರ ಪ್ರಚೋದನೆಗೆ ಸಿಕ್ಕಿ ಹತೋಟಿ ಕಳೆದುಕೊಂಡು ಕೊಂದರೆ ಅದು ಕೊಲೆಯ ಬದಲು ಅದಕ್ಕಿಂತ ಕಡಿಮೆ ತೀವ್ರತೆಯ ನರಹತ್ಯೆ ಆಗುತ್ತದೆ. ಶಿಕ್ಷೆ ಇಳಿಯುತ್ತದೆ, ಅಪರಾಧ ಹೋಗುವುದಿಲ್ಲ. ಹಠಾತ್ ಎಂದರೆ ಎಷ್ಟು ಹೊತ್ತು? ನೌಕಾಧಿಕಾರಿ ನಾನಾವತಿಯ ಪ್ರಕರಣ ಇದಕ್ಕೆ ಹೆಸರುವಾಸಿ. ಹೆಂಡತಿಯ ಸಂಬಂಧ ಅವಳ ಬಾಯಿಂದಲೇ ತಿಳಿದ ಮೇಲೆ ಆತ ಹೆಂಡತಿ ಮಕ್ಕಳನ್ನು ಸಿನೆಮಾಕ್ಕೆ ಬಿಟ್ಟ, ಹಡಗಿಗೆ ಹೋಗಿ ರಿವಾಲ್ವರ್ ತಂದ, ಆಮೇಲೆ ಕೊಂದ. ನಡುವೆ ಸುಮಾರು ಮೂರು ತಾಸು. ಅಷ್ಟು ಹೊತ್ತಿನಲ್ಲಿ ಮನಸ್ಸು ಹತೋಟಿಗೆ ಬರಬೇಕಿತ್ತು ಎಂದು 1961ರಲ್ಲಿ ಸುಪ್ರೀಂ ಕೋರ್ಟು ಆ ವಾದ ತಳ್ಳಿತು. ತನ್ನ ಸಂಸಾರವೇ ಒಡೆದವನಿಗೆ ಮೂರು ತಾಸು ಹೆಚ್ಚಾಯಿತು ಎಂದರೆ, ರಾತ್ರಿ ವಾಟ್ಸಾಪ್ ಸ್ಟೇಟಸ್ ನೋಡಿ ಮರುದಿನ ಬಂದ್‌ಗೆ ಬಂದು ಕಲ್ಲೆಸೆದವನ ಬಗ್ಗೆ ಏನು ಹೇಳಬೇಕು?

ನಮ್ಮ ಗಡಿಯ ಎರಡು ಘಟನೆಗಳನ್ನು ಹತ್ತಿರದಿಂದ ನೋಡಿ. 2009ರ ಸೆಪ್ಟೆಂಬರ್, ಗಣೇಶೋತ್ಸವ. ಕಾಗವಾಡದವರಿಗೆ ದವಾಖಾನೆಗೂ ಸಂತೆಗೂ ಹತ್ತಿರವಾದ ಮೀರಜ್‌ನಲ್ಲಿ ಶಿವಾಜಿ ಅಫ್ಜಲ್ ಖಾನನನ್ನು ಕೊಲ್ಲುವ ಚಿತ್ರವಿದ್ದ ಸ್ವಾಗತ ಕಮಾನು ನಿಂತಿತು. ಒಂದು ಕಡೆಯವರಿಗೆ ಅದು ಅವಮಾನ. ತೆಗೆಯಿರಿ ಎಂದದ್ದು ಇನ್ನೊಂದು ಕಡೆಯವರಿಗೆ ಅವಮಾನ. ಕರ್ಫ್ಯೂ ಬಂತು, ಗಲಭೆ ಸಾಂಗ್ಲಿ, ಇಚಲಕರಂಜಿಗೂ ಹಬ್ಬಿತು. ಮುಂದಿನ ತಿಂಗಳೇ ಮಹಾರಾಷ್ಟ್ರ ವಿಧಾನಸಭೆಗೆ ಚುನಾವಣೆ ಇತ್ತು. ಇನ್ನೊಂದು 2023ರ ಜೂನ್ 7ರದು, ನಿಪ್ಪಾಣಿಯ ಪಕ್ಕದ ಕೊಲ್ಹಾಪುರದಲ್ಲಿ. ಕೆಲವು ಹುಡುಗರು ಟಿಪ್ಪು ಸುಲ್ತಾನನ ಚಿತ್ರದ ಜೊತೆ ಕೆರಳಿಸುವ ಧ್ವನಿ ಸೇರಿಸಿ ಸ್ಟೇಟಸ್ ಹಾಕಿದ್ದಕ್ಕೆ ಬಂದ್ ಕರೆ. ಶಿವಾಜಿ ಚೌಕದಲ್ಲಿ ಜನ ಸೇರಿದರು. ಕಲ್ಲು ತೂರಾಟ, ಲಾಠಿ, ಅಶ್ರುವಾಯು, ಇಂಟರ್‌ನೆಟ್ ಸ್ಥಗಿತ.

ಸ್ಟೇಟಸ್ ಎಂಬುದು ಇಪ್ಪತ್ನಾಲ್ಕು ತಾಸಿನಲ್ಲಿ ತಾನೇ ಅಳಿದುಹೋಗುವ ವಸ್ತು. ನಂಬರು ಉಳಿಸಿಕೊಂಡವರಿಗಷ್ಟೇ ಅದು ಕಾಣುತ್ತದೆ. ಹುಡುಗನ ಫೋನಿನಿಂದ ಊರಿನ ಚೌಕಕ್ಕೆ ಅದು ತಾನಾಗಿ ನಡೆದು ಬರುವುದಿಲ್ಲ. ಯಾರೋ ಸ್ಕ್ರೀನ್‌ಶಾಟ್ ತೆಗೆಯುತ್ತಾರೆ. ಇನ್ನೊಬ್ಬರು ಮೇಲೆ ಎರಡು ಸಾಲು ಬರೆದು ಗ್ರೂಪಿಗೆ ಹಾಕುತ್ತಾರೆ. ಮತ್ತೊಬ್ಬರು ಎಷ್ಟು ಗಂಟೆಗೆ ಎಲ್ಲಿ ಸೇರಬೇಕು ಎಂದು ಹೇಳುತ್ತಾರೆ. ಆ ಅವಮಾನವನ್ನು ಸಾವಿರಾರು ಜನಕ್ಕೆ ಮುಟ್ಟಿಸಿದವರು ಅದರಿಂದ ನೋವಾಯಿತು ಎನ್ನುವವರೇ. ‘ಹಾಕಿದವನು ಯಾರು’ ಎಂಬಲ್ಲಿಗೇ ತನಿಖೆ ನಿಂತರೆ ಈ ನಡುವಿನ ಕೈಗಳು ಕತ್ತಲಲ್ಲೇ ಉಳಿಯುತ್ತವೆ. ಗಲಭೆಯನ್ನು ಕಟ್ಟುವವರು ಹೆಚ್ಚಾಗಿ ಅವರೇ ಎಂಬುದು ನನ್ನ ದೃಢ ಅಭಿಪ್ರಾಯ.

ಹಾಗೆಂದು ಮಾತಾಡಿದವನಿಗೆ ಹೊಣೆಯೇ ಇಲ್ಲವೆ? ಇದೆ. ಯಾರ ಮಾತಿಗೆ ಯಾರು ಯಾರನ್ನು ಹೊಡೆದರು ಎಂದು ಕೇಳಿ. ವೇದಿಕೆಯ ಮೇಲೆ ನಿಂತು ತನ್ನವರಿಗೆ ‘ಅವರ ಅಂಗಡಿಗೆ ಹೋಗಬೇಡಿ, ಅವರನ್ನು ಊರು ಬಿಡಿಸಿ’ ಎಂದವನ ಮಾತು ಕೇಳಿ ಅವನ ಬೆಂಬಲಿಗರೇ ಹೊಡೆದರೆ, ಆ ಏಟಿನಲ್ಲಿ ಅವನ ಪಾಲಿದೆ. ಅವನು ಬಯಸಿದ್ದೇ ಆಗಿದೆ. ಒಬ್ಬ ಲೇಖಕ ಒಂದು ನಂಬಿಕೆಯನ್ನು ಟೀಕಿಸಿ, ಆ ನಂಬಿಕೆಯವರು ಅವನನ್ನೇ ಹೊಡೆದರೆ ಅದು ಪೂರ್ತಿ ಬೇರೆ. ಅಲ್ಲಿ ಏಟು ತಿಂದವನನ್ನೇ ಏಟಿಗೆ ಹೊಣೆ ಮಾಡಿದಂತಾಗುತ್ತದೆ. ಅವನ ಬರಹ ಕೀಳಾಗಿದ್ದರೆ ಕೀಳು ಎಂದು ಹೇಳಲೇಬೇಕು, ಅದು ನಮ್ಮೆಲ್ಲರ ಕೆಲಸ. ಆದರೆ ಆ ಟೀಕೆಯನ್ನು ಕಲ್ಲೆಸೆದವನ ವಕಾಲತ್ತಿಗೆ ಬಳಸಬಾರದು.

ನೋವನ್ನೇ ಅಳತೆಗೋಲು ಮಾಡಿಕೊಂಡರೆ ನಾವು ಪೂಜಿಸುವವರೇ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಮುಂಬೈ ಪ್ರಾಂತ್ಯದ ಅಸ್ಪೃಶ್ಯರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದ ಅಂಬೇಡ್ಕರ್, ಎರಡು ವರ್ಷದ ಬಳಿಕ, 1927ರ ಮಾರ್ಚ್ 20ರಂದು, ಮಹಾಡದ ಚವದಾರ ಕೆರೆಯ ನೀರು ಕುಡಿದರು. ಪುರಸಭೆ 1924ರಲ್ಲೇ ಆ ಕೆರೆಯನ್ನು ಎಲ್ಲರಿಗೂ ತೆರೆದಿತ್ತು. ಕುಡಿದದ್ದು ಬರೀ ನೀರು. ಸ್ವಲ್ಪ ಹೊತ್ತಿಗೆ, ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರಂತೆ ಎಂಬ ಸುಳ್ಳು ಸುದ್ದಿ ಊರಲ್ಲಿ ಹಬ್ಬಿತು. ಬಡಿಗೆ ಹಿಡಿದ ಗುಂಪು ಪೆಂಡಾಲಿಗೆ ನುಗ್ಗಿ ಊಟಕ್ಕೆ ಕೂತಿದ್ದವರನ್ನು ಬಡಿಯಿತು. ತಿರುಗಿ ಹೊಡೆಯಲು ಸಿದ್ಧವಾಗಿದ್ದ ತಮ್ಮ ಜನರನ್ನು ಅಂಬೇಡ್ಕರ್ ತಡೆದರು. ನಿಜಕ್ಕೂ ಕೆರಳಲು ಕಾರಣವಿದ್ದವರು ಅಲ್ಲಿ ತಮ್ಮ ಕೈ ತಾವೇ ಹಿಡಿದುಕೊಂಡರು ಎಂಬುದನ್ನು ಮರೆಯಬೇಡಿ. ಆಮೇಲೆ ಕೆರೆಯನ್ನು ಸಗಣಿ, ಗೋಮೂತ್ರದಿಂದ ಶುದ್ಧಿ ಮಾಡಲಾಯಿತು. ಆ ಶುದ್ಧಿ ಮಾಡಿದವರ ಧಾರ್ಮಿಕ ನೋವು ಸುಳ್ಳಾಗಿರಲಿಲ್ಲ. ಹಾಗೆಂದು ಆ ದಿನದ ರಕ್ತಕ್ಕೆ ನೀರು ಕುಡಿದವರು ಹೊಣೆಯೆ? ಇನ್ನೂ ಹಿಂದೆ ಹೋದರೆ ಕಲ್ಯಾಣದಲ್ಲಿ ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸರ ಮಕ್ಕಳ ಮದುವೆ, ಅದಕ್ಕೆ ಸಿಕ್ಕ ಎಳೆಹೂಟೆಯ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವ, ಶಿಕ್ಷೆ. ಅಥಣಿಯ ಯಾವ ಹಿರಿಯರೂ ಕಲ್ಯಾಣದ ಕ್ರೌರ್ಯಕ್ಕೆ ಬಸವಣ್ಣನೇ ಹೊಣೆ ಎನ್ನಲಾರರು. ಆ ವಿವೇಕ ಇಂದಿನ ಪ್ರಕರಣಗಳಿಗೂ ಬೇಕು.

ಬಸವಣ್ಣನ ವಿಷಯದಲ್ಲೇ ನಾವು ಎಡವಿದ್ದೇವೆ ಎಂಬುದು ನೋವಿನ ಸಂಗತಿ. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದಿತ್ತು. ಅದರಲ್ಲಿ ಬಸವಣ್ಣನ ಅಕ್ಕ ನಾಗಮ್ಮನ ಚಿತ್ರಣಕ್ಕೆ ವಿರೋಧ ಎದ್ದು 1997ರಲ್ಲಿ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿತು; 2007ರಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನೇ ಎತ್ತಿಹಿಡಿಯಿತು. ಸಂಶೋಧಕ ಎಂ.ಎಂ. ಕಲಬುರ್ಗಿಯವರು ಬಸವಣ್ಣನ ಮನೆತನದ ಬಗ್ಗೆ ‘ಮಾರ್ಗ’ದಲ್ಲಿ ಬರೆದ ಸಂಶೋಧನೆಯನ್ನು 1989ರಲ್ಲಿ ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಕ್ಕಿ ಕೊಂದರು. 1989ರ ಒತ್ತಡವನ್ನೂ ಈ ಕೊಲೆಯನ್ನೂ ಒಂದೇ ದಾರದಲ್ಲಿ ಕಟ್ಟುವುದು ತಪ್ಪಾಗುತ್ತದೆ. ಅದೇ ವರ್ಷದ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ವಿಚಾರವಾದಿ ಗೋವಿಂದ ಪಾನ್ಸರೆಯವರ ಮೇಲೂ ಬೆಳಗಿನ ವಾಯುವಿಹಾರದ ಹೊತ್ತಿನಲ್ಲಿ ಗುಂಡು ಹಾರಿತ್ತು. ಈ ಎರಡೂ ಕಡೆ ಗುಂಪು ಸೇರಿರಲಿಲ್ಲ, ಯಾರೂ ಕೆರಳಿ ಕೂಗಿರಲಿಲ್ಲ. ಕೊಂದವರು ಬೈಕಿನಲ್ಲಿ ಬಂದು ಹೋದರು. ‘ಕೆರಳಿಕೆಯಿಂದ ಹಿಂಸೆ’ ಎಂಬ ವಿವರಣೆಗೆ ಇಲ್ಲಿ ಜಾಗವೇ ಇಲ್ಲ.

ಓದುಗರಲ್ಲಿ, ಅದರಲ್ಲೂ ನಮ್ಮ ತಾಲೂಕುಗಳ ಕಾನೂನು ಮತ್ತು ಪತ್ರಿಕೋದ್ಯಮದ ವಿದ್ಯಾರ್ಥಿಗಳಲ್ಲಿ, ನನ್ನದೊಂದು ಬೇಡಿಕೆಯಿದೆ. ರಂಗರಾಜನ್ ತೀರ್ಪನ್ನೂ ‘ಧರ್ಮಕಾರಣ’ದ ತೀರ್ಪನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ; ಒಂದೇ ನ್ಯಾಯಾಲಯ ಎರಡು ಸಲ ಎರಡು ಬೇರೆ ದಾರಿ ಹಿಡಿದದ್ದು ಏಕೆ ಎಂದು ವಾದ ಮಾಡಿ. ಜೊತೆಗೆ 2009ರ ಮೀರಜ್ ಗಲಭೆಯ ಗಂಟೆಗಂಟೆಯ ವಿವರ ಬರೆದಿಡಿ: ಕಮಾನಿನ ಬಗ್ಗೆ ಮೊದಲ ತಕರಾರು ಎಷ್ಟು ಹೊತ್ತಿಗೆ ಬಂತು, ಅದು ಮೊದಲ ಕಲ್ಲು ಬೀಳುವಷ್ಟರಲ್ಲಿ ಯಾರ ಬಾಯಿಂದ ಯಾರ ಕಿವಿಗೆ ಏನಾಗಿ ತಲುಪಿತು, ಪೊಲೀಸರು ಯಾವ ಗಳಿಗೆಯಲ್ಲಿ ಎಲ್ಲಿದ್ದರು. ಅಂದು ಮೀರಜ್‌ನ ದವಾಖಾನೆಗಳಲ್ಲಿ, ಅಂಗಡಿಗಳಲ್ಲಿ, ಬಸ್ ನಿಲ್ದಾಣದಲ್ಲಿ ಸಿಕ್ಕಿಕೊಂಡಿದ್ದ ಕಾಗವಾಡ, ಅಥಣಿಯ ಜನ ಇನ್ನೂ ನಮ್ಮ ನಡುವೆ ಇದ್ದಾರೆ. ಎರಡೂ ಸಮಾಜದವರನ್ನು ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ.