ಮಕ್ಕಳೊಡನೆ ಮಾರಿಷಸ್ ಪ್ರವಾಸ

‘ದ್ವೀಪ’ ಎಂಬ ಮಾತನ್ನು ಬಿಡಿಸಿದರೆ ‘ದ್ವಿ’ ಎಂದರೆ ಎರಡು, ‘ಅಪ್’ ಎಂದರೆ ನೀರು. ಎರಡು ಕಡೆಯೂ ನೀರುಳ್ಳ ನೆಲ ಎಂದರ್ಥ. ಹೊಳೆಯ ನಡುವೆ ಇರುವ ಇಂಥ ನೆಲವನ್ನು ನಮ್ಮ ಕರಾವಳಿಯವರು ಕುದುರು ಎನ್ನುತ್ತಾರೆ. ಶಾಲೆಯಲ್ಲಿ ಈ ಅರ್ಥವನ್ನು ಬಾಯಿಪಾಠ ಮಾಡಿದ ಹುಡುಗನು ಸುತ್ತಲೂ ಕಡಲಿರುವ ನಾಡಿನಲ್ಲಿ ತಾನೇ ನಿಂತು ನೋಡಿದಾಗ ಕಲಿಯುವುದು ಬೇರೆಯೇ ಪಾಠ. ಈಚೆಗೆ ನಮ್ಮ ಸಾಧಾರಣ ಸಂಸಾರಗಳೂ ರಜೆಯಲ್ಲಿ ಹೊರದೇಶದ ದ್ವೀಪಗಳಿಗೆ ಹೋಗಿಬರುವ ಆಸೆ ಇಟ್ಟುಕೊಂಡಿವೆ. ಆಸೆ ತಪ್ಪಲ್ಲ. ಆದರೆ ಹಲವು ವರ್ಷ ಕೂಡಿಟ್ಟ ಹಣ ಒಂದೇ ವಾರದಲ್ಲಿ ಕರಗುವ ಕೆಲಸವಿದು. ಸಾಲದ್ದಕ್ಕೆ ಮಕ್ಕಳನ್ನು ಕಟ್ಟಿಕೊಂಡು ಕಡಲಿಗೆ ಇಳಿಯುವ ಕೆಲಸ. ಆದಕಾರಣ ಮಾರಿಷಸ್ ದ್ವೀಪವನ್ನು ಉದಾಹರಣೆಯಾಗಿ ಇಟ್ಟುಕೊಂಡು, ಹೊರಡುವ ಮೊದಲು ಮನೆಮಂದಿಯೆಲ್ಲ ಕುಳಿತು ಯೋಚಿಸಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು ಕಾಲ. ಮಾರಿಷಸ್ ಇರುವುದು ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರಿಗೆ ಪೂರ್ವಕ್ಕೆ, ಭೂಮಧ್ಯ ರೇಖೆಯಿಂದ ದಕ್ಷಿಣಕ್ಕೆ ಸುಮಾರು 20 ಡಿಗ್ರಿಯಲ್ಲಿ. ರೇಖೆಯ ಆಚೆ ಇರುವುದರಿಂದ ಅಲ್ಲಿಯ ಋತುಗಳು ನಮಗೆ ತಿರುವುಮುರುವು. ನವೆಂಬರಿನಿಂದ ಏಪ್ರಿಲ್‌ವರೆಗೆ ಅವರಿಗೆ ಬೇಸಗೆ. ಬಿಸಿಲು, ಮಳೆ ಎರಡೂ ಹೆಚ್ಚು. ಚಂಡಮಾರುತಗಳು ಬರುವುದೂ ಆಗಲೇ, ಅದರಲ್ಲಿಯೂ ಜನವರಿಯಿಂದ ಮಾರ್ಚ್‌ವರೆಗೆ. 2024ರ ಜನವರಿಯಲ್ಲಿ ಬೆಲಾಲ್ ಎಂಬ ಚಂಡಮಾರುತ ಬಂದಾಗ ರಾಜಧಾನಿ ಪೋರ್ಟ್ ಲೂಯಿಯ ಬೀದಿಗಳಲ್ಲಿ ಕಾರುಗಳು ನೀರಿನಲ್ಲಿ ತೇಲಿದವು. ಹೀಗಾಗಿ ಕ್ರಿಸ್ಮಸ್ ರಜೆಗೆ ಅಲ್ಲಿಗೆ ಹೋದರೆ ಸೆಕೆ, ಜನಸಂದಣಿ, ದುಬಾರಿ ಬೆಲೆ ಮೂರೂ ಕಾದಿರುತ್ತವೆ. ನಮ್ಮ ದಸರಾ ರಜೆ ಬೀಳುವ ಅಕ್ಟೋಬರಿನಲ್ಲಾದರೋ ಅಲ್ಲಿ ಮಳೆ ಕಡಿಮೆ, ಹವೆ ಹಿತ. ಬೇಸಗೆ ರಜೆಯ ಮೇ ತಿಂಗಳಲ್ಲಿ ಚಂಡಮಾರುತದ ಕಾಲ ಬಹುಮಟ್ಟಿಗೆ ಮುಗಿದಿರುತ್ತದೆ, ಕಡಲಿನ ನೀರು ಇನ್ನೂ ಬೆಚ್ಚಗಿರುತ್ತದೆ. ಅಂದರೆ ನಮ್ಮ ಶಾಲೆಗಳ ಎರಡು ದೊಡ್ಡ ರಜೆಗಳೂ ಆ ದ್ವೀಪಕ್ಕೆ ಚೆನ್ನಾಗಿ ಒಗ್ಗುತ್ತವೆ. ಬೇರಾವ ದ್ವೀಪವನ್ನು ಆರಿಸಿದರೂ ಇದೇ ರೀತಿ, ಹೋಟೆಲಿನ ಚಿತ್ರಗಳನ್ನು ನೋಡುವ ಮೊದಲು ಅಲ್ಲಿಯ ಮಳೆಗಾಲದ ಲೆಕ್ಕ ನೋಡಿರಿ.

ಎರಡನೆಯದು ಕಾಗದಪತ್ರ. ಹಸುಗೂಸಿಗೂ ಪ್ರತ್ಯೇಕ ಪಾಸ್‌ಪೋರ್ಟು ಬೇಕು. ಹದಿನೈದು ವರ್ಷದೊಳಗಿನ ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷವಾದ್ದರಿಂದ ಹಿರಿಯರದು ಊರ್ಜಿತವಿದ್ದು ಮಗುವಿನದು ಮುಗಿದುಹೋಗಿರುವುದುಂಟು. ಇದನ್ನು ಮೊದಲೇ ನೋಡಿಕೊಳ್ಳಬೇಕು. ಮಾರಿಷಸ್ಸಿಗೆ ಹೋಗುವ ಭಾರತೀಯ ಪ್ರವಾಸಿಗಳು ಮುಂಗಡವಾಗಿ ವೀಸಾ ಪಡೆಯಬೇಕಾಗಿಲ್ಲ. ಆದರೆ ಹಿಂದಿರುಗುವ ಟಿಕೆಟ್ಟು, ತಂಗುವ ಸ್ಥಳದ ಪತ್ರ, ಖರ್ಚಿಗೆ ಹಣ ಇವನ್ನು ಕೇಳಿದಾಗ ತೋರಿಸಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ಟಿಗೆ ಹಣ ಕಟ್ಟುವ ಮೊದಲು ಆ ಸರಕಾರದ ಪ್ರಕಟಣೆಯನ್ನು ಓದಿಕೊಳ್ಳುವುದು ಕ್ಷೇಮ. ಕೆಲವು ಕೆಮ್ಮಿನ ಔಷಧಗಳೂ ನೋವಿನ ಮಾತ್ರೆಗಳೂ ಅಲ್ಲಿ ಕಟ್ಟುನಿಟ್ಟಿನ ಹತೋಟಿಯಲ್ಲಿರುವುದರಿಂದ ಮಕ್ಕಳ ಔಷಧಿಗಳೊಡನೆ ವೈದ್ಯರ ಚೀಟಿಯೂ ಇರಲಿ. ಇಡೀ ಸಂಸಾರಕ್ಕೆ ಪ್ರವಾಸದ ವಿಮೆ ಮಾಡಿಸಿರಿ. ಹೊರದೇಶದಲ್ಲಿ ಮಗುವಿಗೆ ಜ್ವರ ಬಂದಾಗ ಅದರ ಬೆಲೆ ತಿಳಿಯುತ್ತದೆ.

ಮೂರನೆಯದು ತಂಗುವ ಸ್ಥಳ ಮತ್ತು ತಿರುಗಾಟ. ದ್ವೀಪದ ಉದ್ದ ಸುಮಾರು 65 ಕಿಲೋಮೀಟರು, ಅಗಲ 45. ನಮ್ಮ ಕೊಡಗು ಜಿಲ್ಲೆಯ ಅರ್ಧಕ್ಕಿಂತ ಕಡಿಮೆ ನೆಲ. ಇದನ್ನು ಕೇಳಿ ಮೂರೇ ದಿನದಲ್ಲಿ ಎಲ್ಲವನ್ನೂ ನೋಡಿಬಿಡೋಣವೆಂದು ಹೊರಡುವವರುಂಟು. ಹಾಗೆ ಮಾಡಿದರೆ ಮಕ್ಕಳು ನೋಡುವುದು ಕಾರಿನ ಕಿಟಕಿಯನ್ನು ಮಾತ್ರ. ಪ್ರಯಾಣದ ವೇಗವನ್ನು ಮನೆಯ ಅತಿ ಕಿರಿಯ ಮಗುವಿನ ಕಾಲಿನಿಂದ ಅಳೆಯಬೇಕು. ಆರು ದಿನವಿದ್ದರೆ ಒಂದೇ ಕಡೆ ತಂಗಿರಿ. ಒಂದು ದಿನ ತಿರುಗಾಟ, ಮರುದಿನ ಕಡಲ ದಡದ ಆಟ. ಮೇ ತಿಂಗಳಿನಿಂದ ಆಗ್ನೇಯದ ಗಾಳಿ ಬೀಸುವುದರಿಂದ ಪೂರ್ವ ತೀರದಲ್ಲಿ ಗಾಳಿ ಜೋರು; ಪಶ್ಚಿಮದ ಫ್ಲಿಕ್ ಆನ್ ಫ್ಲಾಕ್, ವಾಯವ್ಯದ ಮೋಂ ಶ್ವಾಜಿ ಮೊದಲಾದ ತೀರಗಳು ಶಾಂತ. ಮಕ್ಕಳಿಗೆ ಪಾಂಪ್ಲೆಮೂಸ್ ಸಸ್ಯೋದ್ಯಾನ ಇಷ್ಟವಾದೀತು. ಅಲ್ಲಿಯ ಕೊಳದಲ್ಲಿ ಕೊಪ್ಪರಿಗೆಯಂತೆ ಅಂಚು ಮಡಿಸಿದ ದೈತ್ಯ ನೈದಿಲೆಯ ಎಲೆಗಳು ತೇಲುತ್ತವೆ. ಬ್ಲೂ ಬೇ ಎಂಬಲ್ಲಿ ಗಾಜಿನ ತಳದ ದೋಣಿಯಲ್ಲಿ ಕುಳಿತು, ಬಟ್ಟೆ ನೆನೆಯದಂತೆ ಹವಳವನ್ನೂ ಮೀನನ್ನೂ ನೋಡಬಹುದು. ಶಾಮರೆಲ್‌ನಲ್ಲಿ ಏಳು ಬಣ್ಣದ ಮಣ್ಣಿನ ದಿಬ್ಬಗಳಿವೆ. ಮೇ ತಿಂಗಳಲ್ಲಿ ಸಂಜೆ ಆರಕ್ಕೆ ಮುಂಚೆಯೇ ಸೂರ್ಯ ಮುಳುಗುವುದರಿಂದ ಬೆಳಗ್ಗೆ ಬೇಗ ಹೊರಟು ಬೇಗ ಹಿಂದಿರುಗುವುದು ಜಾಣತನ.

ಕಡಲಿನ ಮಾತನ್ನು ಬೇರೆಯಾಗಿಯೇ ಹೇಳಬೇಕು. ಈ ದ್ವೀಪದ ಬಹುಭಾಗಕ್ಕೆ ಹವಳದ ದಂಡೆಯೊಂದು ಕೋಟೆಯಂತೆ ಸುತ್ತುಗಟ್ಟಿದೆ. ಹೊರಗಿನ ದೊಡ್ಡ ಅಲೆಗಳು ಅದಕ್ಕೆ ಬಡಿದು ಒಡೆಯುವುದರಿಂದ ಒಳಗಿನ ನೀರು ಕೆರೆಯಂತೆ ತಿಳಿಯಾಗಿ, ಆಳವಿಲ್ಲದೆ ಇರುತ್ತದೆ. ಮಕ್ಕಳು ಆಡಲು ಇದಕ್ಕಿಂತ ಒಳ್ಳೆಯ ಕಡಲು ಅಪರೂಪ. ಆದರೆ ಕೋಟೆಗೆ ಬಾಗಿಲುಗಳೂ ಉಂಟು. ದಂಡೆ ಕಡಿದಿರುವ ಕಡೆ ಒಳಗಿನ ನೀರು ಸೆಳೆತದಿಂದ ಹೊರಗೆ ಓಡುತ್ತದೆ. ದಕ್ಷಿಣದ ಗ್ರಿ ಗ್ರಿ ಎಂಬಲ್ಲಿ ದಂಡೆಯೇ ಇಲ್ಲ; ಅದು ದೂರದಿಂದ ನೋಡಿ ಬರುವ ಸ್ಥಳ, ಇಳಿಯುವ ಸ್ಥಳವಲ್ಲ. ಮೇಲುನೋಟಕ್ಕೆ ಶಾಂತವಾದ ನೀರೆಲ್ಲ ಸುರಕ್ಷಿತವೆಂದು ತಿಳಿಯಬಾರದು. ಎಲ್ಲಿ ಇಳಿಯಬಹುದೆಂದು ಊರಿನವರನ್ನು ಕೇಳಿ ಇಳಿಯಿರಿ. ಕಲ್ಲಿನಂತೆಯೇ ಕಾಣುವ ವಿಷದ ಮುಳ್ಳಿನ ಮೀನೊಂದು ಅಲ್ಲಿ ಇದೆ. ಆದ್ದರಿಂದ ನೀರಿನಲ್ಲಿ ರಬ್ಬರಿನ ಪಾದರಕ್ಷೆ ಇಲ್ಲದೆ ಮಕ್ಕಳು ನಡೆಯಬಾರದು. ಮಗು ನೀರಿನಲ್ಲಿರುವಷ್ಟು ಹೊತ್ತು ಹಿರಿಯರೊಬ್ಬರು ಕೈಗೆಟಕುವ ದೂರದಲ್ಲಿರಬೇಕು, ಅವರ ಕೈಯಲ್ಲಿ ಮೊಬೈಲು ಇರಬಾರದು. ಹವಳವನ್ನು ಮುರಿದು ತರುವುದು ಕಾನೂನಿಗೂ ವಿರುದ್ಧ, ನ್ಯಾಯಕ್ಕೂ ವಿರುದ್ಧ.

ಊಟದ ಚಿಂತೆ ನಮ್ಮವರಿಗೆ ಸಹಜ. ಅಲ್ಲಿಯ ಬೀದಿಬದಿಯ ಮೆಚ್ಚಿನ ತಿಂಡಿ ದಾಲ್ ಪುರಿ. ಬೇಯಿಸಿ ಪುಡಿಮಾಡಿದ ಬೇಳೆಯನ್ನು ಕಣಕದೊಳಗೆ ತುಂಬಿ ಲಟ್ಟಿಸಿದ್ದು. ಬೆಲ್ಲವಿಲ್ಲದ ಬೇಳೆ ಹೋಳಿಗೆಯೆಂದರೆ ನಿಮಗೆ ತಿಳಿಯುತ್ತದೆ. ಎರಡನ್ನು ಜೋಡಿಸಿ, ಕಾಳಿನ ಪಲ್ಯ, ಚಟ್ನಿ ಸವರಿ ಕೊಡುತ್ತಾರೆ. ನಾಣ್ಯದ ಹೆಸರು ಅಲ್ಲಿಯೂ ರೂಪಾಯಿಯೇ, ಆದರೆ ಅದರ ಬೆಲೆ ನಮ್ಮ ರೂಪಾಯಿಗಿಂತ ಹೆಚ್ಚು. ಬೆಲೆಪಟ್ಟಿ ನೋಡಿ ಮೋಸಹೋಗದಿರಿ. ಹಣವನ್ನು ಪ್ರಯಾಣ, ವಸತಿ, ತಿರುಗಾಟ ಎಂದು ವಿಂಗಡಿಸುವಾಗ ಆಪತ್ತಿಗೆಂದು ಒಂದು ಪಾಲನ್ನು ಮುಟ್ಟದೆ ಇಡಿರಿ.

ಕೊನೆಯದಾಗಿ, ಮಕ್ಕಳ ಮನಸ್ಸನ್ನು ಸಿದ್ಧಗೊಳಿಸುವ ಕೆಲಸ. ‘ದೇಶ ಸುತ್ತಬೇಕು, ಕೋಶ ಓದಬೇಕು’ ಎನ್ನುತ್ತಾರೆ. ಇಲ್ಲಿ ಕೋಶವನ್ನು ಮೊದಲು ಓದಿ ಆಮೇಲೆ ದೇಶ ಸುತ್ತುವುದು ಮೇಲು. ಹೊರಡುವ ಮೊದಲು ಒಂದು ರಾತ್ರಿ ಮಕ್ಕಳಿಗೆ ಧ್ರುವನಕ್ಷತ್ರವನ್ನು ತೋರಿಸಿರಿ. ಕದಲದ ಆ ನಕ್ಷತ್ರ ಮಾರಿಷಸ್ಸಿನಲ್ಲಿ ಕಾಣುವುದೇ ಇಲ್ಲ. ಅದು ದಿಗಂತದ ಕೆಳಗೆ ಉಳಿದುಬಿಡುತ್ತದೆ. ಭೂಮಿ ದುಂಡಗಿದೆಯೆಂಬುದಕ್ಕೆ ಇದಕ್ಕಿಂತ ಚೆಂದದ ಪಾಠ ಬೇಕೆ? ಡೋಡೊ ಎಂಬ ಹಾರಲಾರದ ಹಕ್ಕಿಯ ಕಥೆ ಹೇಳಿರಿ. ಆ ದ್ವೀಪದಲ್ಲಿ ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇರದಿದ್ದ ಆ ಹಕ್ಕಿ, 1598ರಲ್ಲಿ ಡಚ್ಚರು ಬಂದಿಳಿದ ಮೇಲೆ ನೂರು ವರ್ಷದೊಳಗೆ ನಿರ್ನಾಮವಾಯಿತು.

ಅದಕ್ಕಿಂತ ಮುಖ್ಯವಾದದ್ದು ಜನರ ಕಥೆ. 1834ರಿಂದ ಮೊದಲಾಗಿ 1920ರ ವರೆಗೆ ಸುಮಾರು ಐದು ಲಕ್ಷ ಭಾರತೀಯರು ಕರಾರಿನ ಕೂಲಿಗಳಾಗಿ ಹಡಗಿನಲ್ಲಿ ಅಲ್ಲಿಗೆ ಹೋದರು. ಗುಲಾಮಗಿರಿ ರದ್ದಾದಾಗ ಕಬ್ಬಿನ ತೋಟಗಳಿಗೆ ಆಳು ಬೇಕಾಗಿತ್ತು. ಬಿಹಾರದವರು ಬಹಳ; ತಮಿಳರು, ತೆಲುಗರು, ಮರಾಠಿಗರೂ ಇದ್ದರು. ಅನೇಕರು ಮರಳಲಿಲ್ಲ. ಇಂದು ದ್ವೀಪದ ಸುಮಾರು ಮೂರರಲ್ಲಿ ಎರಡು ಪಾಲು ಜನ ಅವರ ಸಂತತಿಯವರು. ಅವರು ಹಡಗಿನಿಂದ ಇಳಿದು ಏರಿದ ಮೆಟ್ಟಿಲುಗಳು ಪೋರ್ಟ್ ಲೂಯಿಯ ಬಂದರಿನಲ್ಲಿವೆ. ಹಿಂದೆ ಕೂಲಿ ಘಾಟ್ ಎನ್ನುತ್ತಿದ್ದ ಆ ಸ್ಥಳಕ್ಕೆ ಈಗ ಆಪ್ರವಾಸಿ ಘಾಟ್ ಎಂದು ಹೆಸರು. 2006ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ತಾಣಗಳಲ್ಲಿ ಸೇರಿಸಿತು. ಉಳಿದ ಯಾವ ಸ್ಥಳ ತಪ್ಪಿದರೂ ಇದು ತಪ್ಪಬಾರದು.

ನಮ್ಮ ಬಳಕೆಯಲ್ಲಿ ಪ್ರವಾಸಿ ಎಂದರೆ ಸುತ್ತಾಡಿ ಮನೆಗೆ ಮರಳುವವನು. ಆಪ್ರವಾಸಿ ಎಂದರೆ ಹೊರಗಿನಿಂದ ಬಂದು ಅಲ್ಲಿಯೇ ನೆಲೆಸಿದವನು. ನಡುವೆ ಇರುವುದು ಒಂದೇ ಅಕ್ಷರ. ಹಿಂದಿರುಗುವ ಟಿಕೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ರಜೆ ಕಳೆಯಲು ಹೋದ ನಮ್ಮ ಮಕ್ಕಳು, ಅಂಥ ಟಿಕೆಟ್ಟಿಲ್ಲದೆ ಹೋದವರ ಮೆಟ್ಟಿಲುಗಳ ಮುಂದೆ ಐದು ನಿಮಿಷ ಸುಮ್ಮನೆ ನಿಂತು ಬಂದರೆ, ನೀವು ಕೂಡಿಟ್ಟ ಹಣ ವ್ಯರ್ಥವಾಗಲಿಲ್ಲವೆಂದೇ ತಿಳಿಯಿರಿ.