ಸ್ಕ್ಯಾನಿಂಗ್‌ನಲ್ಲಿ ಕಾಣುವುದು, ಕಾಣದಿರುವುದು

ಸೆಕೆಂಡಿಗೆ 20 ಸಾವಿರಕ್ಕಿಂತ ಹೆಚ್ಚು ಸಲ ಕಂಪಿಸುವ ಶಬ್ದ ಮನುಷ್ಯನ ಕಿವಿಗೆ ಕೇಳಿಸುವುದಿಲ್ಲ. ಅದೇ ಅಲ್ಟ್ರಾಸೌಂಡ್, ಶ್ರವಣಾತೀತ ಶಬ್ದ. ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಬಳಸುವ ಶಬ್ದದ ಕಂಪನ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು: ಸೆಕೆಂಡಿಗೆ ಸುಮಾರು 20 ಲಕ್ಷದಿಂದ ಒಂದೂವರೆ ಕೋಟಿ. ವೈದ್ಯರು ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್‌ನೊಳಗೆ ವಿಶೇಷ ಬಗೆಯ ಹರಳುಗಳ ಸಾಲಿರುತ್ತದೆ. ವಿದ್ಯುತ್ ಹಾಯಿಸಿದರೆ ಇವು ಕಂಪಿಸುತ್ತವೆ. ಕಂಪನ ಬಂದು ತಾಗಿದರೆ ವಿದ್ಯುತ್ ಹುಟ್ಟಿಸುತ್ತವೆ. ಹರಳುಗಳ ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು ಕಂಡುಹಿಡಿದಿದ್ದರು. ಹಾಗಾಗಿ ಶಬ್ದವನ್ನು ಕಳಿಸುವುದೂ ಅದೇ ಹರಳು, ಮರಳಿ ಬಂದದ್ದನ್ನು ಕೇಳಿಸಿಕೊಳ್ಳುವುದೂ ಅದೇ ಹರಳು. ಕಳಿಸುವುದಕ್ಕೆ ಹಿಡಿಯುವ ಹೊತ್ತು ತೀರಾ ಅಲ್ಪ. ಯಂತ್ರದ ಬಹುಪಾಲು ಸಮಯ ಕೇಳಿಸಿಕೊಳ್ಳುವುದರಲ್ಲೇ ಕಳೆಯುತ್ತದೆ.

ದೇಹದ ಮೃದು ಅಂಗಾಂಶಗಳಲ್ಲಿ ಶಬ್ದ ಸೆಕೆಂಡಿಗೆ ಸರಾಸರಿ 1,540 ಮೀಟರ್ ವೇಗದಲ್ಲಿ ಸಾಗುತ್ತದೆ. ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವ ಗಡಿಯಲ್ಲಿ ಅದರ ಒಂದಂಶ ಹಿಂದಕ್ಕೆ ಮರಳುತ್ತದೆ. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ಅದಕ್ಕೆ ಬೇಕಾದದ್ದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 13 ಮಾತ್ರ. ಮರಳಿದ ಸಮಯವನ್ನು ಅಳೆದು ಯಂತ್ರ ಆಳವನ್ನು ಲೆಕ್ಕ ಹಾಕುತ್ತದೆ, ಮರಳಿದ ಶಬ್ದದ ಬಲ ನೋಡಿ ಆ ಚುಕ್ಕೆಯನ್ನು ಬಿಳಿಯಾಗಿಯೋ ಬೂದುಬಣ್ಣದಲ್ಲೋ ಬರೆಯುತ್ತದೆ. ನೀರು ಏನನ್ನೂ ಮರಳಿಸುವುದಿಲ್ಲ, ಅದಕ್ಕೇ ಮೂತ್ರಕೋಶ, ಪಿತ್ತಕೋಶ, ನೀರುಗುಳ್ಳೆಗಳು ಪರದೆಯಲ್ಲಿ ಕಪ್ಪಗೆ ಕಾಣುತ್ತವೆ. ಪರದೆಯ ಮೇಲಿರುವುದು ಅಂಗದ ಫೋಟೊ ಅಲ್ಲ. ಶಬ್ದ ಎಲ್ಲಿಂದ ಎಷ್ಟು ಮರಳಿತು ಎಂಬ ಲೆಕ್ಕದಿಂದ ಕಟ್ಟಿದ ನಕ್ಷೆ. ಈ ಪರೀಕ್ಷೆ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದಕ್ಕೆ ಕಾರಣಗಳೆಲ್ಲ ಬಹುಮಟ್ಟಿಗೆ ಇಲ್ಲಿಂದಲೇ ಹುಟ್ಟುತ್ತವೆ.

ಶಬ್ದಕ್ಕೆ ದೊಡ್ಡ ಅಡ್ಡಿಗಳು ಎರಡು: ಗಾಳಿ ಮತ್ತು ಎಲುಬು. ಅಂಗಾಂಶದಿಂದ ಗಾಳಿಗೆ ದಾಟುವಲ್ಲಿ ಶಬ್ದ ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಕ್ಕೆ ಬಂದುಬಿಡುತ್ತದೆ. ಚರ್ಮಕ್ಕೂ ಪ್ರೋಬ್‌ಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಚಿತ್ರ ಬಾರದು. ತಣ್ಣಗಿನ ಜೆಲ್ ಹಚ್ಚುವುದು ಆ ಗಾಳಿಯನ್ನು ಹೊರಹಾಕಲಿಕ್ಕೆ. ಹೊಟ್ಟೆಯ ಸ್ಕ್ಯಾನಿಂಗ್‌ಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳುವುದಕ್ಕೆ ಕರುಳಿನ ಗಾಳಿ ಒಂದು ಕಾರಣ. ಇನ್ನೊಂದು, ಊಟವಾದೊಡನೆ ಪಿತ್ತಕೋಶ ಮುದುಡಿಕೊಳ್ಳುತ್ತದೆ, ಒಳಗಿನ ಕಲ್ಲು ನೋಡಲು ಜಾಗವೇ ಇರುವುದಿಲ್ಲ. ಹೊಟ್ಟೆಯ ಕೆಳಭಾಗ ನೋಡುವಾಗ ನೀರು ಕುಡಿದು ಮೂತ್ರ ತಡೆದುಕೊಂಡಿರಬೇಕು. ತುಂಬಿದ ಮೂತ್ರಕೋಶ ಕರುಳನ್ನು ಪಕ್ಕಕ್ಕೆ ಸರಿಸುತ್ತದೆ, ಅದರೊಳಗಿನ ನೀರಿನ ಮೂಲಕ ಗರ್ಭಕೋಶ, ಅಂಡಾಶಯಗಳು ಸ್ಪಷ್ಟವಾಗಿ ಕಾಣುತ್ತವೆ.

ಮೂರನೆಯ ಕಟ್ಟುಪಾಡೊಂದಿದೆ. ಕಂಪನ ಹೆಚ್ಚಿದಷ್ಟೂ ಚಿತ್ರ ಸೂಕ್ಷ್ಮವಾಗುತ್ತದೆ, ಆದರೆ ಶಬ್ದ ಬೇಗ ಸೊರಗಿ ಆಳಕ್ಕೆ ಇಳಿಯುವುದಿಲ್ಲ. ಥೈರಾಯ್ಡ್, ಸ್ತನಗಳಂಥ ಮೇಲುಮೇಲಿನ ಅಂಗಗಳಿಗೆ ಹೆಚ್ಚಿನ ಕಂಪನದ ಪ್ರೋಬ್ ನಡೆಯುತ್ತದೆ. ಯಕೃತ್ತು, ಮೂತ್ರಪಿಂಡಗಳಿಗೆ ಕಡಿಮೆ ಕಂಪನದ್ದೇ ಬೇಕು. ದೇಹ ದಪ್ಪಗಿದ್ದವರಲ್ಲಿ ಕೊಬ್ಬಿನ ಪದರವನ್ನು ದಾಟುವಷ್ಟರಲ್ಲೇ ಶಬ್ದ ಬಳಲುತ್ತದೆ. ಇಂಥವರ ವರದಿಯಲ್ಲಿ ಇಂಥ ಅಂಗ ಸರಿಯಾಗಿ ಕಾಣಲಿಲ್ಲ ಎಂದು ಬರೆದಿದ್ದರೆ ಅದು ವೈದ್ಯರ ಉದಾಸೀನವಲ್ಲ, ಪ್ರಾಮಾಣಿಕತೆ.

ಈ ಇತಿಮಿತಿಗಳ ಪಾಠ ಆರಂಭದ ದಿನಗಳಲ್ಲೇ ಸಿಕ್ಕಿತ್ತು. ಆಸ್ಟ್ರಿಯಾದ ನರವೈದ್ಯ ಕಾರ್ಲ್ ಡುಸಿಕ್ 1942ರಲ್ಲಿ ತಲೆಯ ಮೂಲಕ ಶಬ್ದ ಹಾಯಿಸಿ ಮೆದುಳಿನ ಚಿತ್ರ ಪಡೆದೆನೆಂದು ಪ್ರಕಟಿಸಿದರು. ಅವರು ಮೆದುಳಿನ ಕುಹರಗಳೆಂದು ತಿಳಿದಿದ್ದು ತಲೆಬುರುಡೆ ಶಬ್ದವನ್ನು ಹೀರಿ ಮೂಡಿಸಿದ ಭ್ರಮೆ ಎಂದು ಆಮೇಲೆ ಗೊತ್ತಾಯಿತು. ವಯಸ್ಕರ ಮೆದುಳನ್ನು ನೋಡಲು ಇವತ್ತಿಗೂ ಸಿಟಿ, ಎಂಆರ್‌ಐ ಬೇಕು. ನವಜಾತ ಶಿಶುವಿನ ನೆತ್ತಿ ಇನ್ನೂ ಕೂಡಿರುವುದಿಲ್ಲವಾದ್ದರಿಂದ ಆ ಮೆತ್ತನೆಯ ಜಾಗದಿಂದ ಶಬ್ದ ಒಳಹೋಗುತ್ತದೆ. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳ ಮೆದುಳಿನ ರಕ್ತಸ್ರಾವವನ್ನು ತೊಟ್ಟಿಲ ಬಳಿಯಲ್ಲೇ ಪತ್ತೆ ಮಾಡುವುದು ಹೀಗೆ.

ಅಲ್ಟ್ರಾಸೌಂಡ್ ನಿಜವಾಗಿ ವೈದ್ಯರ ಕೈಗೆ ಬಂದದ್ದು ಕಾರ್ಖಾನೆಯ ದಾರಿಯಾಗಿ. ಗ್ಲಾಸ್ಗೋದ ಪ್ರಸೂತಿತಜ್ಞ ಇಯಾನ್ ಡೊನಾಲ್ಡ್ 1955ರಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನೂ ನೀರುಗುಳ್ಳೆಗಳನ್ನೂ ಎರಡು ಕಾರುಗಳಲ್ಲಿ ತುಂಬಿಸಿಕೊಂಡು ಬಾಯ್ಲರ್ ತಯಾರಿಸುವ ಕಾರ್ಖಾನೆಯೊಂದಕ್ಕೆ ಹೋದರು. ಲೋಹದ ಬೆಸುಗೆಯಲ್ಲಿ ಬಿರುಕು ಹುಡುಕುವ ಶಬ್ದಯಂತ್ರ ಅಲ್ಲಿತ್ತು. ಹೋಲಿಸಿ ನೋಡಲೆಂದು ಕಾರ್ಖಾನೆಯವರು ದೊಡ್ಡದೊಂದು ಮಾಂಸದ ತುಂಡನ್ನೂ ಒದಗಿಸಿದ್ದರು. ಗಟ್ಟಿ ಗಡ್ಡೆಗೂ ನೀರು ತುಂಬಿದ ಗುಳ್ಳೆಗೂ ಮರಳುವ ಶಬ್ದ ಬೇರೆಬೇರೆ ಎಂಬುದು ಅಂದೇ ಖಚಿತವಾಯಿತು. ಮುಂದೆ ಎಂಜಿನಿಯರ್ ಟಾಮ್ ಬ್ರೌನ್ ಮತ್ತು ವೈದ್ಯ ಜಾನ್ ಮೆಕ್‌ವಿಕಾರ್ ಜೊತೆಗೂಡಿದರು. ಹೊಟ್ಟೆ ಊದಿಕೊಂಡು, ವಾಸಿಯಾಗದ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಮಹಿಳೆಯೊಬ್ಬರಲ್ಲಿ ಇರುವುದು ಅಂಡಾಶಯದ ದೊಡ್ಡ ನೀರುಗುಳ್ಳೆ ಎಂದು ಯಂತ್ರ ತೋರಿಸಿತು. ಅದನ್ನು ತೆಗೆದ ಮೇಲೆ ಆಕೆ ಗುಣಮುಖರಾದರು. ಈ ಮೂವರ ಪ್ರಬಂಧ 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಗಟ್ಟಿಯೋ, ನೀರೋ ಎಂಬ ಆ ಮೊದಲ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿ ಅಲ್ಟ್ರಾಸೌಂಡ್ ಇವತ್ತಿಗೂ ಎಲ್ಲಕ್ಕಿಂತ ಗಟ್ಟಿಗ.

ಅದರ ಬಲ ಅತ್ಯಂತ ಚೆನ್ನಾಗಿ ಕಾಣುವ ಜಾಗ ಪಿತ್ತಕೋಶ. ಕಪ್ಪಗೆ ಕಾಣುವ ಪಿತ್ತರಸದ ನಡುವೆ ಕಲ್ಲು ಬೆಳ್ಳಗೆ ಹೊಳೆಯುತ್ತದೆ, ಅದರ ಹಿಂದೆ ಶಬ್ದ ದಾಟಲಾರದ್ದರಿಂದ ಕಪ್ಪು ನೆರಳು ಬೀಳುತ್ತದೆ. ರೋಗಿ ಮಗ್ಗುಲು ಬದಲಿಸಿದರೆ ಕಲ್ಲು ಉರುಳಿ ಬೇರೆಡೆಗೆ ಹೋಗುತ್ತದೆ. ಉರುಳದೆ, ನೆರಳೂ ಬೀಳಿಸದೆ ಗೋಡೆಗೆ ಅಂಟಿಕೊಂಡಿದ್ದರೆ ಅದು ಕಲ್ಲಲ್ಲ, ದುರ್ಮಾಂಸ ಇರಬಹುದು. ಇಷ್ಟು ಸಲೀಸಾಗಿ ಸಿಟಿ ಸ್ಕ್ಯಾನ್ ಕೂಡ ಪಿತ್ತಕಲ್ಲನ್ನು ಹಿಡಿಯುವುದಿಲ್ಲ. ಆದರೆ ಅದೇ ಕಲ್ಲು ಜಾರಿ ಪಿತ್ತನಾಳದ ತುದಿಗೆ ಇಳಿದರೆ ಮುಂದೆ ಗಾಳಿ ತುಂಬಿದ ಕರುಳು ಅಡ್ಡ ಬರುತ್ತದೆ. ನಾಳ ಹಿಗ್ಗಿರುವುದು ಕಂಡರೂ ಕಲ್ಲು ತಪ್ಪಿಸಿಕೊಳ್ಳುವುದು ಸಾಮಾನ್ಯ. ಆಗ ಎಂಆರ್‌ಐ ಬಗೆಯ ಪರೀಕ್ಷೆ ಅಥವಾ ಎಂಡೋಸ್ಕೋಪ್‌ನ ತುದಿಗೇ ಅಲ್ಟ್ರಾಸೌಂಡ್ ಜೋಡಿಸಿ ನೋಡುವ ವಿಧಾನ ಬೇಕಾಗುತ್ತದೆ. ಮೂತ್ರದ ಕಲ್ಲಿನ ಕಥೆಯೂ ಹೀಗೆಯೇ. ಮೂತ್ರಪಿಂಡದಲ್ಲಿದ್ದರೆ ಕಾಣುತ್ತದೆ, ಮೂತ್ರನಾಳದ ನಡುಭಾಗದಲ್ಲಿ ಸಿಕ್ಕಿಕೊಂಡರೆ ಹಲವು ಬಾರಿ ಕಾಣುವುದಿಲ್ಲ. ನೋವಿನಿಂದ ಒದ್ದಾಡುತ್ತಿರುವವರ ಸ್ಕ್ಯಾನಿಂಗ್ ವರದಿಯಲ್ಲಿ ಕಲ್ಲಿನ ಸುಳಿವಿಲ್ಲದಿದ್ದರೆ, ಕಲ್ಲೇ ಇಲ್ಲ ಎಂದು ಅರ್ಥವಲ್ಲ. ಅಪೆಂಡಿಕ್ಸ್ ಊತ ಕಂಡರೆ ನಂಬಬಹುದು. ಕರುಳಿನ ಹಿಂದೆ ಅಡಗಿದ ಅಪೆಂಡಿಕ್ಸ್ ಕಾಣದೇ ಹೋದರೆ, ಕಾಣಲಿಲ್ಲ ಎಂಬಷ್ಟಕ್ಕೇ ರೋಗಿಯನ್ನು ಮನೆಗೆ ಕಳಿಸುವಂತಿಲ್ಲ.

ಹೃದಯದ ಸ್ಕ್ಯಾನಿಂಗ್‌ಗೆ ಎಕೋ ಎಂಬ ಹೆಸರು. ಸ್ವೀಡನ್ನಿನ ಲುಂಡ್ ಊರಿನಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ 1953ರಲ್ಲಿ ಇದನ್ನು ಆರಂಭಿಸಿದರು. ಹೃದಯದ ಕವಾಟಗಳು ತೆರೆದು ಮುಚ್ಚುವುದನ್ನು, ಗೋಡೆಗಳು ಕುಗ್ಗಿ ಹಿಗ್ಗುವುದನ್ನು ಬಡಿತ ಬಡಿತಕ್ಕೂ ನೋಡಬಹುದು. ಹರಿಯುವ ರಕ್ತದಿಂದ ಮರಳುವ ಶಬ್ದದ ಕಂಪನ ಬದಲಾಗುತ್ತದೆ. ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ವಿವರಿಸಿದ ಈ ತತ್ತ್ವದಿಂದ ರಕ್ತದ ವೇಗ, ದಿಕ್ಕು, ಸೋರಿಕೆಗಳು ತಿಳಿಯುತ್ತವೆ. ಬಾಲ್ಯದ ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾದವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರ ಪಾಲಿಗೆ ಇದಕ್ಕಿಂತ ಉಪಯುಕ್ತವಾದ ಪರೀಕ್ಷೆ ಇಲ್ಲ. ಹೀಗಿದ್ದೂ ಜನರಲ್ಲಿ ಒಂದು ಅಪಾಯಕಾರಿ ನಂಬಿಕೆ ಉಳಿದಿದೆ: ಎಕೋ ನಾರ್ಮಲ್ ಬಂದರೆ ಹೃದಯಾಘಾತದ ಭಯವಿಲ್ಲ ಎಂಬುದು. ಹೃದಯದ ಸ್ನಾಯುವಿಗೆ ರಕ್ತ ಕೊಡುವ ಸಣ್ಣ ರಕ್ತನಾಳಗಳೊಳಗಿನ ಅಡ್ಡಿಯನ್ನು ಸಾಮಾನ್ಯ ಎಕೋ ತೋರಿಸುವುದಿಲ್ಲ. ನಾಳ ಸಾಕಷ್ಟು ಕಿರಿದಾಗಿದ್ದರೂ, ಸುಮ್ಮನೆ ಮಲಗಿರುವಾಗ ಹೃದಯ ಚೆನ್ನಾಗಿಯೇ ಬಡಿಯುತ್ತಿರಬಹುದು. ನಡೆದಾಗ ಎದೆ ಬಿಗಿಯುವವರಿಗೆ ಬೇರೆ ಪರೀಕ್ಷೆ ಬೇಕೇ ಬೇಕು.

ಗರ್ಭಿಣಿಯರ ವಿಷಯದಲ್ಲಿ ಅಲ್ಟ್ರಾಸೌಂಡ್‌ಗೆ ಸಾಟಿಯಿಲ್ಲ. ಎಕ್ಸ್-ರೇಯಲ್ಲಿರುವ ವಿಕಿರಣ ಇದರಲ್ಲಿಲ್ಲ. ಇಷ್ಟು ವರ್ಷಗಳ ಬಳಕೆಯಲ್ಲಿ, ಅಗತ್ಯಕ್ಕೆ ಮಾಡಿದ ಸ್ಕ್ಯಾನಿಂಗ್‌ನಿಂದ ಮಗುವಿಗೆ ಹಾನಿಯಾದದ್ದು ಸಾಬೀತಾಗಿಲ್ಲ. ಆದರೂ ಶಬ್ದ ಅಂಗಾಂಶವನ್ನು ತುಸು ಬಿಸಿಯಾಗಿಸುವುದರಿಂದ ಕಾರಣವಿಲ್ಲದೆ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮಾಡಬಾರದೆಂಬುದು ನಿಯಮ. ಮೊದಲ ಮೂರು ತಿಂಗಳಲ್ಲಿ ಭ್ರೂಣದ ನೆತ್ತಿಯಿಂದ ಪೃಷ್ಠದವರೆಗಿನ ಉದ್ದ ಅಳೆದು ಹೇಳುವ ವಯಸ್ಸು ಐದಾರು ದಿನಕ್ಕಿಂತ ಹೆಚ್ಚು ತಪ್ಪುವುದು ಅಪರೂಪ. ಏಳನೇ ತಿಂಗಳು ದಾಟಿದ ಮೇಲೆ ಮೊದಲ ಬಾರಿ ಅಳೆದರೆ ಎರಡು ಮೂರು ವಾರಗಳೇ ಹೆಚ್ಚುಕಮ್ಮಿಯಾಗಬಹುದು. ಆದ್ದರಿಂದಲೇ ಮೊದಲ ಸ್ಕ್ಯಾನಿಂಗ್ ಕೊಟ್ಟ ಹೆರಿಗೆಯ ದಿನಾಂಕವನ್ನು ಕೊನೆಯದು ಬದಲಿಸಬಾರದು. ಹೆರಿಗೆಗೆ ಮುಂಚೆ ಹೇಳುವ ಮಗುವಿನ ತೂಕದಲ್ಲೂ ಶೇಕಡಾ 10ರಿಂದ 15ರಷ್ಟು ವ್ಯತ್ಯಾಸ ಸಹಜ: ಮೂರು ಕಿಲೋ ಎಂದು ಬರೆದ ಮಗು 2.6 ಕಿಲೋ ಇರಬಹುದು, 3.4 ಕಿಲೋನೂ ಇರಬಹುದು.

ಐದನೇ ತಿಂಗಳ ಹೊತ್ತಿಗೆ ಮಾಡುವ ಅನಾಮಲಿ ಸ್ಕ್ಯಾನ್ ತಲೆ, ಬೆನ್ನುಹುರಿ, ಹೃದಯ, ಮೂತ್ರಪಿಂಡಗಳ ರಚನೆಯ ದೋಷಗಳನ್ನು ಹುಡುಕುತ್ತದೆ. ರಚನೆ ಎಂಬುದನ್ನು ಒತ್ತಿ ಹೇಳಬೇಕು. ಕಿವುಡು, ದೃಷ್ಟಿದೋಷ, ಆಟಿಸಂ, ಬುದ್ಧಿಶಕ್ತಿಯ ಕೊರತೆ ಇದರಲ್ಲಿ ಕಾಣುವುದಿಲ್ಲ. ಹೃದಯದ ಕೆಲವು ಸಣ್ಣ ರಂಧ್ರಗಳು ನುರಿತವರ ಕಣ್ಣಿಗೂ ತಪ್ಪುತ್ತವೆ. ಡೌನ್ ಸಿಂಡ್ರೋಮ್ ವಿಷಯದಲ್ಲಿ ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆ ಸೇರಿ ಸಂಭವ ಎಷ್ಟು ಎಂದಷ್ಟೇ ಹೇಳುತ್ತವೆ. ಖಚಿತವಾಗಬೇಕಿದ್ದರೆ ಗರ್ಭಜಲದಂಥ ಮಾದರಿ ತೆಗೆದು ವರ್ಣತಂತು ನೋಡಬೇಕು.

ಈ ಯಂತ್ರವನ್ನು ಭಾರತದಲ್ಲಿ ಹೆಣ್ಣು ಭ್ರೂಣವನ್ನು ಗುರುತಿಸಿ ತೆಗೆಸುವ ಘೋರ ಕೆಲಸಕ್ಕೂ ಬಳಸಲಾಗಿದೆ. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರೆ, 2001ರಲ್ಲಿ 927ಕ್ಕೆ ಇಳಿಯಿತು. ಭ್ರೂಣಲಿಂಗ ಪತ್ತೆಯನ್ನು ಅಪರಾಧವಾಗಿಸಿದ 1994ರ ಕಾಯ್ದೆ ಜಾರಿಯಾದದ್ದು 1996ರಲ್ಲಿ. ಪ್ರತಿ ಯಂತ್ರದ ಕೇಂದ್ರವೂ ನೋಂದಣಿಯಾಗಬೇಕು, ಪ್ರತಿ ಗರ್ಭಿಣಿಯ ಸ್ಕ್ಯಾನಿಂಗ್‌ಗೂ ಎಫ್ ನಮೂನೆ ತುಂಬಬೇಕು, ಗೋಡೆಯ ಮೇಲೆ ಫಲಕ ಇರಬೇಕು. ಇಷ್ಟಾದರೂ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಎಲ್ಲಿಗೆ ಬೇಕಾದರೂ ಹೊತ್ತೊಯ್ಯಬಹುದಾದ ಯಂತ್ರ ಹಳ್ಳಿಯ ತಾಯಂದಿರಿಗೆ ವರವಾಗಬೇಕಿತ್ತು. ದುರುಪಯೋಗದ ಭಯದಿಂದ ಅದರ ಓಡಾಟಕ್ಕೆ ಕಾನೂನು ಬಿಗಿ ಹಾಕಿದೆ. ಆ ಬಿಗಿ ಬೇಕಾದದ್ದೇ, ಅದರ ಬೆಲೆ ತೆರುತ್ತಿರುವವರು ಮಾತ್ರ ದೂರದ ಊರಿನ ಗರ್ಭಿಣಿಯರು.

ತುರ್ತು ಚಿಕಿತ್ಸೆಯಲ್ಲಿ ಚಿಕ್ಕ ಯಂತ್ರದ ಪ್ರಯೋಜನ ಸ್ಪಷ್ಟ. ಅಪಘಾತದಲ್ಲಿ ಗಾಯಗೊಂಡವರ ಹೊಟ್ಟೆಯಲ್ಲಿ, ಹೃದಯದ ಸುತ್ತ ರಕ್ತ ನಿಂತಿದೆಯೇ ಎಂದು ಕೆಲವೇ ನಿಮಿಷಗಳಲ್ಲಿ ತಿಳಿಯಬಹುದು. ಗಾಳಿ ತುಂಬಿದ ಶ್ವಾಸಕೋಶ ಅಲ್ಟ್ರಾಸೌಂಡ್‌ಗೆ ಒಗ್ಗದ ಅಂಗವೆಂದು ಬಹಳ ಕಾಲ ನಂಬಲಾಗಿತ್ತು. ಆದರೆ ಅದರ ಹೊರಪೊರೆಯ ಚಲನೆ ನಿಂತಿದೆಯೇ, ಕೆಳಗೆ ನೀರು ಸೇರಿದೆಯೇ ಎಂಬುದನ್ನು ಈಗ ಹಾಸಿಗೆಯ ಪಕ್ಕದಲ್ಲೇ ನೋಡುತ್ತಾರೆ. ಕಾಲಿನ ರಕ್ತನಾಳವನ್ನು ಪ್ರೋಬ್‌ನಿಂದ ಒತ್ತಿದಾಗ ಅದು ಚಪ್ಪಟೆಯಾಗದಿದ್ದರೆ ಒಳಗೆ ಹೆಪ್ಪುಗಟ್ಟಿದೆ ಎಂದು ತಿಳಿಯಬೇಕು. ಗಡ್ಡೆಯಿಂದ ಚೂರು ತೆಗೆಯುವಾಗ ಸೂಜಿಯ ತುದಿ ಎಲ್ಲಿದೆ ಎಂದು ಕ್ಷಣಕ್ಷಣಕ್ಕೂ ತೋರಿಸುವುದೂ ಇದೇ.

ಇವೆಲ್ಲ ಪ್ರೋಬ್ ಹಿಡಿದ ಕೈಯ ಮೇಲೆ ನಿಂತಿವೆ. ಸಿಟಿ ಸ್ಕ್ಯಾನ್‌ನ ಚಿತ್ರಗಳನ್ನು ಮರುದಿನ ಇನ್ನೊಬ್ಬ ತಜ್ಞ ಪೂರ್ತಿಯಾಗಿ ನೋಡಬಹುದು. ಅಲ್ಟ್ರಾಸೌಂಡ್‌ನಲ್ಲಿ ಪರೀಕ್ಷಿಸಿದವರು ಯಾವ ಕೋನದಲ್ಲಿ ಹಿಡಿದರೋ, ಎಲ್ಲಿ ನಿಲ್ಲಿಸಿದರೋ, ಅಷ್ಟೇ ಉಳಿಯುತ್ತದೆ. ಎಲ್ಲಿ ನೋವು, ಎಷ್ಟು ದಿನದಿಂದ, ಹಿಂದೆ ಯಾವ ಶಸ್ತ್ರಚಿಕಿತ್ಸೆ ಆಗಿದೆ ಎಂದು ಸ್ಕ್ಯಾನಿಂಗ್ ವೈದ್ಯರಿಗೆ ತಿಳಿಸುವುದರಿಂದ ಫಲಿತಾಂಶವೇ ಬದಲಾಗಬಹುದು. ಹೀಗಿರುವಾಗ, ಪ್ರಶ್ನೆಯೇ ಇಲ್ಲದೆ 'ಒಮ್ಮೆ ಪೂರ್ತಿ ನೋಡಿಬಿಡೋಣ' ಎಂದು ಮಾಡಿಸುವ ಸ್ಕ್ಯಾನಿಂಗ್ ಹಲವರನ್ನು ಕಾರಣವಿಲ್ಲದೆ ರೋಗಿಗಳನ್ನಾಗಿ ಮಾಡುತ್ತದೆ. ಅಂಡಾಶಯದಲ್ಲಿ ಸಣ್ಣ ಕೋಶಗಳು ಹೆಚ್ಚು ಕಂಡ ಮಾತ್ರಕ್ಕೆ ಪಿಸಿಒಡಿ ಎಂದಾಗುವುದಿಲ್ಲ. ಹರೆಯದ ಹುಡುಗಿಯರಲ್ಲಿ ಹಾಗೆ ಕಾಣುವುದು ಸಾಮಾನ್ಯ. ಮೂತ್ರಪಿಂಡದ ಸಾದಾ ನೀರುಗುಳ್ಳೆ ವಯಸ್ಸಾದವರಲ್ಲಿ ಬಹಳ ಸಾಮಾನ್ಯ, ಅದಕ್ಕೆ ಔಷಧ ಬೇಡ. ಯಕೃತ್ತಿನ ಅಲ್ಪ ಕೊಬ್ಬು ಅಲ್ಟ್ರಾಸೌಂಡ್‌ಗೆ ತಪ್ಪಿಹೋಗಲೂಬಹುದು. ಯಕೃತ್ತು ಎಷ್ಟು ಗಟ್ಟಿಯಾಗಿದೆ ಎಂಬ ಮುಖ್ಯ ಪ್ರಶ್ನೆಗೆ ಎಲಾಸ್ಟೋಗ್ರಫಿ ಎಂಬ ಬೇರೆ ವಿಧಾನ ಬೇಕು.

ಇಂಥ ಅನಗತ್ಯ ಹುಡುಕಾಟ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. ಅಲ್ಲಿ 1999ರಲ್ಲಿ ಸರ್ಕಾರದ ಕ್ಯಾನ್ಸರ್ ತಪಾಸಣೆ ಶುರುವಾಯಿತು. ಥೈರಾಯ್ಡ್ ಅದರಲ್ಲಿ ಸೇರಿರಲಿಲ್ಲ, ಆದರೆ ಆಸ್ಪತ್ರೆಗಳು ಸ್ವಲ್ಪ ಹೆಚ್ಚಿನ ಹಣಕ್ಕೆ ಕುತ್ತಿಗೆಯ ಅಲ್ಟ್ರಾಸೌಂಡ್ ಅನ್ನೂ ಸೇರಿಸಿದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ಕ್ಕಿಂತ 15 ಪಟ್ಟಾಗಿತ್ತು. ಆ ಒಂದೇ ವರ್ಷ 40 ಸಾವಿರಕ್ಕೂ ಹೆಚ್ಚು ಜನರಿಗೆ ಈ ರೋಗವೆಂದು ಹೇಳಲಾಯಿತು. ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಸಿಕ್ಕಿದ್ದವುಗಳಲ್ಲಿ ಬಹುಪಾಲು ಜೀವಮಾನವಿಡೀ ತೊಂದರೆ ಕೊಡದ ಪುಟ್ಟ ಗಂಟುಗಳು. ಹೆಚ್ಚಿನವರು ಗ್ರಂಥಿಯನ್ನು ತೆಗೆಸಿಕೊಂಡರು. ಶಸ್ತ್ರಚಿಕಿತ್ಸೆಯಾದ 15 ಸಾವಿರಕ್ಕೂ ಹೆಚ್ಚು ಜನರ ವಿಮೆಯ ದಾಖಲೆ ನೋಡಿದಾಗ ಶೇಕಡಾ 11ರಷ್ಟು ಮಂದಿಯಲ್ಲಿ ಕ್ಯಾಲ್ಸಿಯಂ ಸಮತೋಲ ಕಾಯುವ ಪಕ್ಕದ ಗ್ರಂಥಿಗಳು ಕೆಟ್ಟಿದ್ದವು, ಶೇಕಡಾ 2ರಷ್ಟು ಮಂದಿಗೆ ಧ್ವನಿತಂತು ಬಿದ್ದುಹೋಗಿತ್ತು. 2014ರಲ್ಲಿ ಅಲ್ಲಿನ ವೈದ್ಯರೇ ಕೆಲವರು ಬಹಿರಂಗವಾಗಿ ಎಚ್ಚರಿಸಿದ ಮೇಲೆ ಒಂದು ವರ್ಷದಲ್ಲಿ ಥೈರಾಯ್ಡ್ ಶಸ್ತ್ರಚಿಕಿತ್ಸೆಗಳು ಸುಮಾರು ಮೂರನೇ ಒಂದರಷ್ಟು ಇಳಿದವು. ಇಂದು ಹಲವು ದೇಶಗಳ ತಜ್ಞರು ಪಾಲಿಸುವ ಪದ್ಧತಿಯಂತೆ, ಸ್ಕ್ಯಾನಿಂಗ್‌ನಲ್ಲಿ ಆಕಸ್ಮಿಕವಾಗಿ ಕಂಡ, ಒಂದು ಸೆಂಟಿಮೀಟರಿಗಿಂತ ಚಿಕ್ಕ ಥೈರಾಯ್ಡ್ ಗಂಟಿಗೆ ಸಾಮಾನ್ಯವಾಗಿ ಸೂಜಿ ಪರೀಕ್ಷೆ ಮಾಡುವುದಿಲ್ಲ. ಅನುಮಾನದ ಲಕ್ಷಣವಿದ್ದರೆ ಕೆಲವು ತಿಂಗಳು ಬಿಟ್ಟು ಮತ್ತೆ ಅಳೆಯುತ್ತಾರೆ, ಇಲ್ಲವಾದರೆ ಹಾಗೇ ಬಿಡುತ್ತಾರೆ.